ನಲವತ್ತು ಕೆಬಿ ಮೊಸಳೆ

"ಮೊಸಳಿ ಬಾಲ ಕತ್ತರಿಸಬೇಕಾಗ್ತದ, ಕೃಪಾ. ಬ್ಯಾರೆ ದಾರೀನ ಇಲ್ಲ."

ಪ್ರಮೋದ್ ಮಾಮಾ ಲ್ಯಾಪ್‌ಟಾಪಿನಿಂದ ತಲೆ ಎತ್ತದೆ ಹೇಳಿದ. ನೆಲದ ಮೇಲೆ ಬೋರಲು ಮಲಗಿ ಬಣ್ಣ ಹಚ್ಚುತ್ತಿದ್ದ ಕೃಪಾ ಧಡಕ್ಕನೆ ಎದ್ದು ಕೂತಳು.

"ಬಾಲ ಇಲ್ಲದ ಮೊಸಳಿ? ಎಲ್ಲಾರೂ ಕಪ್ಪಿ ಅಂತಾರ ಮಾಮಾ!"

"ಅನ್ಲಿ ಬಿಡು. ಕಾರ್ಟ್ರಿಜ್‌ನ್ಯಾಗ ಜಾಗಾ ಇಲ್ಲ, ನಾ ಏನ್ ಮಾಡ್ಲಿ?"

ಮಾಮಾ, ಸೋದರಸೊಸೆ ಇಬ್ಬರೂ ಸೇರಿ ಒಂದು ವಿಡಿಯೊ ಗೇಮ್ ಮಾಡುತ್ತಿದ್ದರು. ಮಳೆಗಾಲದಲ್ಲಿ ವಿಶ್ವಾಮಿತ್ರಿ ನದಿ ಉಕ್ಕಿದರೆ ತಮ್ಮೂರು ವಡೋದರಾದ ರಸ್ತೆಗೇ ಮೊಸಳೆ ಬರುತ್ತದಲ್ಲ, ಹಾಗೆ ದಾರಿ ತಪ್ಪಿ ಬಂದ ಒಂದು ಮೊಸಳೆ. ಅದು ಸ್ಕೂಟರು, ಹಸು, ಪಾನಿಪುರಿ ಗಾಡಿಗಳ ನಡುವೆ ನುಸುಳಿ ವಾಪಸ್ ನದಿ ಸೇರಬೇಕು. ಪ್ರೋಗ್ರಾಂ ಮಾಮಾನದು. ಚಿತ್ರಗಳೆಲ್ಲ ಐದನೇ ಕ್ಲಾಸಿನ ಕೃಪಾಳದು.

ಮಾಮಾನ ಹತ್ತಿರ ಎರಡು ಹಳೇ ಗೇಮ್ ಮಷಿನ್‌ಗಳಿದ್ದವು. ಒಂದಕ್ಕೆ ಡಿಸ್ಕ್ ಹಾಕಬೇಕು. ಇನ್ನೊಂದು ಅದಕ್ಕಿಂತ ಹಳೆಯದು, ಅದಕ್ಕೆ ಸೋಪಿನ ಡಬ್ಬಿಯಷ್ಟು ದೊಡ್ಡ ಕಾರ್ಟ್ರಿಜ್ ಸಿಕ್ಕಿಸಬೇಕು. ಡಿಸ್ಕ್‌ನಲ್ಲಿ ಏಳುನೂರು ಎಂಬಿ ಜಾಗ. ಮಳೆಯ ಸದ್ದು, ಹಾಡು, ಮೊಸಳೆಯ ಒಂದೊಂದು ಹಲ್ಲಿಗೂ ಬಣ್ಣ. ಕಾರ್ಟ್ರಿಜ್‌ನಲ್ಲಿ ಬರೀ ನಲವತ್ತು ಕೆಬಿ. ಫೋನಿನ ಒಂದು ಫೋಟೊ ಕೂಡ ಅದರಲ್ಲಿ ಹಿಡಿಸದು!

"ಡಿಸ್ಕ್ ಸಾಕಲ್ಲ ಮಾಮಾ? ಒಂದ ತಾಸಿನ್ಯಾಗ ಹತ್ತು ಕಾಪಿ ಬಂದ್ವು."

"ಕಾರ್ಟ್ರಿಜ್ ಒಂದರ ಇರ್ಲಿ. ನಾ ಸಣ್ಣಾಂವಿದ್ದಾಗ ಅದರಾಗ ಆಡಿದಾಂವ."

ಭಾನುವಾರ ಅಹಮದಾಬಾದಿನಲ್ಲಿ ಹಳೇ ವಿಡಿಯೊ ಗೇಮ್‌ಗಳ ಮೇಳವಿತ್ತು. ಅವರಿಗೂ ಒಂದು ಟೇಬಲ್ ಸಿಕ್ಕಿತ್ತು. ತನ್ನ ಮೊಸಳೆಯನ್ನು ಯಾರೂ ಗುರುತಿಸದಿದ್ದರೆ? ಕೃಪಾಗೆ ಅದೊಂದೇ ಚಿಂತೆ.

ಅವಳು ಚೌಕಳಿ ಪುಸ್ತಕ ತೆಗೆದಳು. ಕಾರ್ಟ್ರಿಜ್‌ನ ಚಿತ್ರವೆಲ್ಲ ಎಂಟೆಂಟು ಮನೆಗಳ ಪುಟ್ಟ ಚೌಕಗಳು. ಎಲ್ಲ ಚೌಕವೂ ಖರ್ಚಾಗಿತ್ತು: ಇದು ಚಕ್ರ, ಇದು ಹಸುವಿನ ಕಿವಿ, ಇದು ನದಿಯ ಅಲೆ. ಬಾಲಕ್ಕೆ ಒಂದೂ ಉಳಿದಿರಲಿಲ್ಲ. ಕಾಲು ಅಳಿಸಿದಳು, ಮತ್ತೆ ಬರೆದಳು. ಕಾಗದ ತೂತಾಯಿತು.

ಹಾಗೇ ನೋಡುತ್ತ ಕೂತವಳ ಕಣ್ಣು ಅಲೆಯ ಮೇಲೆ ನಿಂತಿತು. ಬಗ್ಗಿ, ಎದ್ದು, ತುದಿಯಲ್ಲಿ ಚೂಪಾದ ಅಲೆ. ನೀಲಿ ಪೆನ್ಸಿಲ್ ಇಟ್ಟು ಹಸಿರು ಪೆನ್ಸಿಲ್ ತಗೊಂಡಳು.

"ಮಾಮಾ! ಅಲೀನ ಬಾಲ ಮಾಡೂಣು! ಚಿತ್ರ ಅದ ಇರ್ಲಿ, ಬಣ್ಣ ಅಷ್ಟ ಹಸಿರು. ಹೊಸಾ ಜಾಗಾನ ಬ್ಯಾಡ!"

ಮಾಮಾ ಪುಸ್ತಕ ನೋಡಿದ. ಅವಳ ಮುಖ ನೋಡಿದ. ಮತ್ತೆ ಪುಸ್ತಕ ನೋಡಿದ. "ಭಾಳ ಶಾಣ್ಯಾಕಿ ಇದ್ದೀಯವಾ ನೀ!"

ಆ ಸಂಜೆಯೇ ಟಿವಿಯಲ್ಲಿ ಹಸಿರು ಬಾಲ ಅಲ್ಲಾಡಿತು. ಆದರೂ ಕೃಪಾಗೆ ಡಿಸ್ಕಿನದೇ ನಿಜವಾದ ಮೊಸಳೆ. ಕಾರ್ಟ್ರಿಜಿನದು ಅದರ ಬಡ ನೆಂಟ.

ಹಾಗಾಗಿ ಮೇಳದಲ್ಲಿ ಅವಳು ಹತ್ತು ಡಿಸ್ಕ್‌ಗಳನ್ನು ಟೇಬಲ್ಲಿನ ಮುಂದೆ ಸಾಲಾಗಿ ಜೋಡಿಸಿದಳು. ಕಾರ್ಟ್ರಿಜ್ ಬ್ಯಾಗಿನಲ್ಲೇ ಉಳಿಯಿತು.

ಮಾಮಾ ಡಿಸ್ಕ್ ಹಾಕಿ ಸ್ವಿಚ್ ಒತ್ತಿದ. ಮಷಿನ್ ಕರ್‌ಕರ್ ಎಂದಿತು. ಪರದೆ ಕಪ್ಪು. ಇನ್ನೊಂದು ಡಿಸ್ಕ್. ಕರ್‌ಕರ್. ಮತ್ತೊಂದು. ಕಪ್ಪೇ.

"ಮಷಿನ್ನಿನ ಕಣ್ಣು ಮಂಜಾಗ್ಯಾವ ಅನಸ್ತದ," ಎಂದ ಮಾಮಾ ಮೆಲ್ಲಗೆ. "ನಿಮ್ಮ ಅಜ್ಜಿಗೆ ಪೊರೆ ಬಂದಿತ್ತಲ್ಲ, ಹಂಗ. ಡಿಸ್ಕ್ ಓದಲಿಕ್ಕ ಆಗವಲ್ದು."

"ಯೇ ತೋ ಚಾಲೂ ಹೀ ನಹೀ ಹೋತಾ. ಚಲ್ ಯಾರ್," ಶುರುವೇ ಆಗುವುದಿಲ್ಲವಲ್ಲ ಎನ್ನುತ್ತ, ನೋಡಲು ನಿಂತಿದ್ದ ಹುಡುಗರು ಮುಂದಿನ ಟೇಬಲ್ಲಿಗೆ ಸರಿದರು.

ಕೃಪಾ ಡಿಸ್ಕ್‌ಗಳನ್ನು ಬದಿಗೆ ಸರಿಸಿದಳು. ಬ್ಯಾಗಿಗೆ ಕೈ ಹಾಕಿ ಕಾರ್ಟ್ರಿಜ್ ತೆಗೆದುಕೊಟ್ಟಳು. ಮಾಮಾ ಅದನ್ನು ಇನ್ನೊಂದು ಮಷಿನ್ನಿಗೆ ಸಿಕ್ಕಿಸಿದ. ಪರದೆ ತುಂಬ ಬೂದು ಗೆರೆಗಳು! ಅವನು ಅದನ್ನು ಕಿತ್ತು, ಬಾಯಿ ಹತ್ತಿರ ತಂದು, ಉಸಿರು ಎಳೆದುಕೊಂಡ.

"ಅರೆ ಅರೆ, ಫೂಂಕ್ ಮತ್ ಮಾರೋ! ಥೂಕ್ ಅಂದರ್ ಜಾಯೇಗಾ!"

ಊದಿದರೆ ಎಂಜಲು ಒಳಗೆ ಹೋಗುತ್ತದೆಂದು ಪಕ್ಕದ ಟೇಬಲ್ಲಿನ ಹಸ್ಮುಖಭಾಯ್ ಓಡಿಬಂದರು. ಹಳೇ ಗೇಮ್ ಮಷಿನ್‌ಗಳನ್ನು ರಿಪೇರಿ ಮಾಡುವ ಅಜ್ಜ. ಜೇಬಿನಲ್ಲಿ ನಾಲ್ಕು ಸ್ಕ್ರೂಡ್ರೈವರ್. "ಬೇಟಾ, ರಬ್ಬರ್ ಹೈ?"

ಕೃಪಾ ಕಂಪಾಸ್ ಬಾಕ್ಸಿನಿಂದ ರಬ್ಬರ್ ಕೊಟ್ಟಳು. ಅಜ್ಜ ಕಾರ್ಟ್ರಿಜ್‌ನ ತಾಮ್ರದ ಹಲ್ಲುಗಳನ್ನು ಅದರಿಂದ ತಿಕ್ಕಿದರು, ತಪ್ಪು ಲೆಕ್ಕ ಅಳಿಸಿದ ಹಾಗೆ. ರಬ್ಬರ್ ಕಪ್ಪಾಯಿತು. ಮತ್ತೆ ಸ್ವಿಚ್.

ಪರದೆಯ ಮೇಲೆ ಹಸಿರು ಚೌಕಗಳು ಬಾಲ ಅಲ್ಲಾಡಿಸುತ್ತ ರಸ್ತೆಗಿಳಿದವು.

"ಮಗರ್! ಮಮ್ಮೀ, ಮಗರ್ ಆವ್ಯೋ!" ಅಮ್ಮನ ಸೊಂಟದ ಮೇಲಿದ್ದ ಪುಟ್ಟನೊಬ್ಬ ಕಿರುಚಿದ.

ಮೊಸಳೆಯೆಂದು ಗುರುತಿಸಿಬಿಟ್ಟ! ಆ ಪುಟ್ಟನಿಗೆ ಇನ್ನೂ ಮುಂದಿನ ಹಲ್ಲೂ ಪೂರ್ತಿ ಬಂದಿರಲಿಲ್ಲ.

ಹೋಗಿದ್ದ ಹುಡುಗರು ವಾಪಸ್ ಬಂದರು. "ಹಸುವಿಗೆ ಡಿಕ್ಕಿ ಹೊಡೀಬೇಡ್ವೋ!" ಅಂತ ಗುಜರಾತಿಯಲ್ಲಿ ಗಲಾಟೆ ಶುರುವಾಯಿತು. ಒಬ್ಬ ಕೊನೆಗೂ ಮೊಸಳೆಯನ್ನು ನದಿಗಿಳಿಸಿದ. ಬಾಲ ಅಲೆಗಳ ನಡುವೆ ಸೇರಿ, ಬಣ್ಣವೊಂದು ಬಿಟ್ಟರೆ ಯಾವುದು ಬಾಲ, ಯಾವುದು ಅಲೆ ಗೊತ್ತಾಗದಂತೆ ಆಯಿತು.

ಹಸ್ಮುಖಭಾಯ್ ಕನ್ನಡಕ ಹಣೆಗೇರಿಸಿ ಪರದೆಗೆ ಮೂಗು ತಾಗಿಸಿದರು. ಹೊಸ ಚೌಕ ಇಲ್ಲದೆ ಬಾಲ ಹೇಗೆ ಬಂತೆಂದು ಅವರಿಗೆ ಹೊಳೆದುಹೋಗಿತ್ತು. "ವಾಹ್! ಆ ಪೂಂಛಡಿ ಕೋಣೇ ಬನಾವಿ?"

ಬಾಲ ಮಾಡಿದ್ದು ಯಾರು? ಮಾಮಾ ಕೃಪಾಳ ಕಡೆ ನೋಡಿದ.

"ಮೆಂ," ನಾನೇ ಎಂದಳು ಕೃಪಾ, ಗುಜರಾತಿಯಲ್ಲಿ. ಸಾಲದೆಂದು, ಯಾರೂ ಕೇಳದಿದ್ದರೂ, ಇನ್ನೊಮ್ಮೆ ಜೋರಾಗಿ, "ಮೆಂ ಬನಾವಿ!"

ಡಿಸ್ಕ್‌ಗಳನ್ನು ಮೂರು ಜನ ಒಯ್ದರು, ತಮ್ಮ ಮಷಿನ್ನಿನ ಕಣ್ಣು ಚೆನ್ನಾಗಿದೆ ಎಂದು. ಕಾರ್ಟ್ರಿಜ್ ಬೇಕೆಂದವರ ಹೆಸರನ್ನು ಕೃಪಾ ರಫ್ ಬುಕ್ಕಿನಲ್ಲಿ ಬರೆದುಕೊಂಡಳು. ಮೊದಲು ಹಸ್ಮುಖಭಾಯ್. ಆಮೇಲೆ ಸೂರತ್‌ನ ಹಜೀರಾ ಕಾಲೊನಿಯ ಅಕ್ಕತಂಗಿಯರು. ಒಟ್ಟು ಒಂಬತ್ತು.

"ಒಂಬತ್ತು!" ಸಂಜೆ ವಡೋದರಾ ಸ್ಟೇಷನ್ನಿನಿಂದ ಮನೆಗೆ ಹೋಗುವ ಆಟೋದಲ್ಲಿ ಮಾಮಾ ನರಳಿದ. "ಒಂದೊಂದನ್ನೂ ಕೈಲೆ ಬೆಸಿಗಿ ಹಾಕಬೇಕವಾ. ಬೆರಳು ಸುಡ್ತಾವ."

"ನಾ ಲೇಬಲ್ ಬರೀತೀನಲ್ಲ."

"ಡಿಸ್ಕ್ ಮಷಿನ್ನೂ ರಿಪೇರಿ ಮಾಡಸೂಣೇನು?"

ಕೃಪಾ ಸ್ವಲ್ಪ ಯೋಚಿಸಿದಳು. "ಮಾಡಸೂಣು. ಆದ್ರ ಡಿಸ್ಕ್‌ನ್ಯಾಗೂ ಬಾಲ ಇದ ಇರ್ಲಿ, ಮಾಮಾ."

ಆಟೋ ವಿಶ್ವಾಮಿತ್ರಿಯ ಸೇತುವೆ ಹತ್ತಿತು. ಯಾವಾಗಿನಂತೆ ನಾಲ್ಕಾರು ಜನ ಕಟ್ಟೆಗೆ ಒರಗಿ, ಮೊಸಳೆ ಕಂಡೀತೇ ಎಂದು ಕೆಳಗೆ ಬಗ್ಗಿ ನೋಡುತ್ತಿದ್ದರು. ಡ್ರೈವರ್ ಕೂಡ ಆಟೋ ನಿಧಾನ ಮಾಡಿ ಕತ್ತು ಚಾಚಿದ. ಕೃಪಾ ಬ್ಯಾಗಿನಿಂದ ಕಾರ್ಟ್ರಿಜ್ ತೆಗೆದು, ನೀರಿನ ಕಡೆಗೆ ಎತ್ತಿ ಹಿಡಿದು ತೋರಿಸಿದಳು.