ಬಾಣ ಕೀಳಲು ಹೋಗುವ ದಾರಿ

"ಬಿಡಬೇಡ!"

ಹಿಂದಿನಿಂದ ಬಂದ ಆ ಕೂಗಿಗೆ ಅವಳ ಕೈ ಅಲ್ಲೇ ನಿಂತಿತು. ಹೆದೆಯನ್ನು ಅರ್ಧ ಎಳೆದಿದ್ದಳು. ಬಿಲ್ಲಿನಲ್ಲಿ ಬಾಣವೇ ಇರಲಿಲ್ಲ.

ಆ ಧ್ವನಿ...!

ಎಷ್ಟು ವರ್ಷವಾಗಿದ್ದರೇನು, ಅದನ್ನು ಕೇಳಿ ಅವಳ ಎದೆ ಮೊದಲಿನಂತೆಯೇ ಧಸಕ್ಕೆಂದಿತು.

"ನಿಧಾನಕ್ಕೆ ವಾಪಸ್ ತನ್ನಿ... ಹೆದೆ ಜೊತೆಗೇ ಕೈನೂ ಬರಲಿ. ಹಾಂ... ಅಷ್ಟೇ."

ಈಗ ಧ್ವನಿ ಮೆತ್ತಗಾಗಿತ್ತು. ಗಾಬರಿಯಲ್ಲಿ 'ಬಿಡಬೇಡ' ಎಂದವನು ಈಗ 'ತನ್ನಿ' ಎನ್ನುತ್ತಿದ್ದ. ಅವಳು ಅದನ್ನೂ ಗಮನಿಸಿದಳು.

ತಿರುಗಿದಳು. ಅವನೇ! ತಲೆ ಪೂರ್ತಿ ಬೆಳ್ಳಗಾಗಿತ್ತು. ಕುತ್ತಿಗೆಯಲ್ಲಿ ಸೀಟಿ ನೇತಾಡುತ್ತಿತ್ತು. ಕಣ್ಣುಗಳು ಮಾತ್ರ ಹಳೆಯವೇ.

"ಬಾಣ ಇಲ್ಲದೆ ಹೆದೆ ಬಿಟ್ರೆ ಬಿಲ್ಲು ಸೀಳಿ ಹೋಗತ್ತೆ. ಅದೂ ಮರೆತೋಯ್ತಾ?"

"ಎಳೆದು ನೋಡ್ತಿದ್ದೆ ಅಷ್ಟೇ," ಎಂದಳು.

ಅವನ ದೃಷ್ಟಿ ಅವಳ ಮುಖದಿಂದ ಬಿಲ್ಲಿಗೆ ಇಳಿಯಿತು. ಅಲ್ಲೇ ಒಂದು ಕ್ಷಣ ನಿಂತಿತು. ಏನೋ ಹೇಳಲು ಹೊರಟವನು ತುಟಿ ಕಚ್ಚಿಕೊಂಡ. ಆಮೇಲೆ ಕೈ ಚಾಚಿದ.

"ಕೊಡಿ, ನೋಡ್ತೀನಿ."

ಅದೇ ಮಾತು! ಅವತ್ತು ಎಲ್ಲರೆದುರು ಅವನು ಆಡಿದ್ದೂ ಇದೊಂದೇ ಮಾತು. ಇಷ್ಟು ವರ್ಷ ತಣ್ಣಗಿದ್ದ ಸಿಟ್ಟು ಅವಳಲ್ಲಿ ಭಗ್ಗೆಂದಿತು.

"ಬೇಡ! ನನ್ನ ಬಿಲ್ಲನ್ನ ನೀವು ಒಂದ್ಸಲ ಮುಟ್ಟಿದ್ದೇ ಸಾಕಾಗಿದೆ."

ಅವನು ಚಾಚಿದ ಕೈಯನ್ನು ಹಿಂದಕ್ಕೆಳೆದುಕೊಂಡ. ಮುಖದಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ಅವಳಿಗೆ ಎಷ್ಟೋ ಸುಲಭವಾಗುತ್ತಿತ್ತು.

"ಆಯ್ತು, ಮುಟ್ಟಲ್ಲ. ಆದ್ರೆ ಈ ಹೆದೇಲಿ ಹೊಡೀಬೇಡಿ. ನೂಲು ಸವೆದಿದೆ, ತುಂಡಾದ್ರೆ ಕಣ್ಣಿಗೆ ಬಡಿಯತ್ತೆ. ಭಾನುವಾರ ಬನ್ನಿ... ಬರ್ತೀರಲ್ಲ?"

ಬಿಲ್ಲನ್ನು ಎತ್ತಿಕೊಂಡು ದಡಬಡನೆ ಗೇಟಿನತ್ತ ನಡೆದಳು.

*

ನಮ್ಮ ಕಥಾನಾಯಕಿಗೆ ಐವತ್ತು ದಾಟಿ ಆಗಲೇ ಕೆಲವು ವರ್ಷವಾಗಿದೆ. ನಗಬೇಡಿ! ಎದೆ ಢವಗುಟ್ಟುವುದಕ್ಕೆ ವಯಸ್ಸಿನ ಮಿತಿಯನ್ನು ಯಾರೂ ಬರೆದಿಟ್ಟಿಲ್ಲ.

ಅವಳದೊಂದು ಕನ್ನಡಕದ ಅಂಗಡಿ. ಗಂಡ ತೀರಿಕೊಂಡ ಮೇಲೆ ಒಬ್ಬಳೇ ನಡೆಸುತ್ತಿದ್ದಾಳೆ. ಗಂಡ ಒಳ್ಳೆಯ ಮನುಷ್ಯ. ಬೀರುವಿನ ಮೇಲೆ ಹಾಸಿಗೆ ಬಟ್ಟೆಯಲ್ಲಿ ಸುತ್ತಿಟ್ಟ ಉದ್ದನೆಯ ವಸ್ತು ಏನೆಂದು ಅವನು ಒಮ್ಮೆಯೂ ಕೇಳಲಿಲ್ಲ. ಅವಳೂ ಹೇಳಲಿಲ್ಲ.

ಕೇಳಿದ್ದು ಸೊಸೆ. ಧೂಳು ಹೊಡೆಯಲು ಸ್ಟೂಲು ಹತ್ತಿದವಳು ಮೇಲಿಂದಲೇ ಕೂಗಿದ್ದಳು. "ಅತ್ತೇ, ಇದೇನು ಪರದೆ ಕಂಬೀನಾ? ಬಿಸಾಕ್ಲಾ?"

"ಮುಟ್ಟಿದ್ರೆ ನೋಡು!" ಎಂದು ಅತ್ತೆ ಓಡಿ ಬಂದ ವೇಗ ನೋಡಿಯೇ ಸೊಸೆಗೆ ಇದು ಪರದೆ ಕಂಬಿಯಲ್ಲ ಎಂದು ಖಾತ್ರಿಯಾಯಿತು. ಪಟ್ಟು ಹಿಡಿದು ಅರ್ಧ ಕಥೆ ಬಾಯಿ ಬಿಡಿಸಿದಳು. ಬಿಲ್ಲಿನ ಅರ್ಧ ಮಾತ್ರ, ಹುಡುಗನ ಅರ್ಧವಲ್ಲ. ಮರುದಿನವೇ ಊರಾಚೆಯ ಬಿಲ್ಲುಗಾರಿಕೆ ಕ್ಲಬ್ಬಿಗೆ ಅತ್ತೆಯ ಹೆಸರು ಕೊಟ್ಟು ಬಂದಳು.

"ಈ ವಯಸ್ಸಲ್ಲಿ ಇದೆಲ್ಲ ಬೇಕಾ?"

"ಬೇಕು ಅತ್ತೆ. ಮನೇಲಿ ಕೂತು ನನ್ನ ಮೇಲೆ ಗುರಿ ಇಡೋ ಬದಲು ಅಲ್ಲಿ ಹೋಗಿ ಇಡಿ!"

ಕ್ಲಬ್ಬಿನಲ್ಲಿ ಎಲ್ಲರೂ ಮೇಷ್ಟ್ರು ಎಂದು ಕರೆಯುವವನು ಅವನೇ ಎಂಬುದು ಪಾಪ ಆ ಹುಡುಗಿಗೆ ಹೇಗೆ ಗೊತ್ತಿರಬೇಕು?

*

ಮೈದಾನದಿಂದ ಮರಳಿದ ಆ ರಾತ್ರಿ ಅವಳಿಗೆ ಹಳೆಯದೆಲ್ಲ ನೆನಪಾಯಿತು.

ಆಗ ಅವರ ಕ್ಲಬ್ಬಿನಲ್ಲಿ ಒಂದು ಕಟ್ಟುನಿಟ್ಟಿನ ನಿಯಮವಿತ್ತು. ಗೆರೆಯ ಮೇಲೆ ನಿಂತಾಗ ಯಾರೂ ಪಿಟಕ್ಕೆನ್ನುವ ಹಾಗಿಲ್ಲ. ಎಲ್ಲರೂ ಹೊಡೆದಾದ ಮೇಲೆ ಮೂರು ಸೀಟಿ. ಆಗ ಎಲ್ಲರೂ ಗುರಿಹಲಗೆಯವರೆಗೆ ನಡೆದು ಹೋಗಿ ಬಾಣ ಕಿತ್ತು ತರಬೇಕು. ಎಪ್ಪತ್ತು ಮೀಟರ್ ಹೋಗುವುದು, ಎಪ್ಪತ್ತು ಮೀಟರ್ ಬರುವುದು. ಅಷ್ಟು ಹೊತ್ತು ಮಾತಾಡಬಹುದು!

ಅವರಿಬ್ಬರ ಪ್ರೀತಿ ಬೆಳೆದಿದ್ದೇ ಆ ಹುಲ್ಲಿನ ದಾರಿಯಲ್ಲಿ. ಹೋಗುವಾಗ ಶುರುವಾದ ಮಾತು ಬರುವಾಗ ಮುಗಿಯುತ್ತಿರಲಿಲ್ಲ. ಉಳಿದರ್ಧಕ್ಕೆ ಮುಂದಿನ ಸೀಟಿಯವರೆಗೆ ಕಾಯಬೇಕು. ಆ ಕಾಯುವಿಕೆಯಲ್ಲಿ ಅವಳು ಹೊಡೆದ ಬಾಣಗಳು ಎಷ್ಟು ಚೆನ್ನಾಗಿ ನಾಟುತ್ತಿದ್ದವು!

ರಾಜ್ಯ ತಂಡದ ಆಯ್ಕೆಯ ಹಿಂದಿನ ಸಂಜೆ ಅವನು ಅವಳ ಹೆದೆಗೆ ಮೇಣ ತಿಕ್ಕಿ ಕೊಟ್ಟ. ಕೊನೆಯ ಸುತ್ತಿನ ಬಾಣ ತರಲು ಹೋಗುವಾಗ ನೆಲ ನೋಡುತ್ತಾ ಕೇಳಿದ. "ಹೀಗೇ ಜೊತೆಗೆ ನಡೀತಾ ಇರೋಣ್ವಾ? ಯಾವಾಗ್ಲೂ?"

ಅವಳ ಕೆನ್ನೆ ಬಿಸಿಯಾಯಿತು. "ನಾಳೆ ಹೇಳ್ತೀನಿ," ಎಂದಳು. ಉತ್ತರ ನಾಲಿಗೆಯ ತುದಿಯಲ್ಲೇ ಇತ್ತು. ಗೆದ್ದು ಬಂದು ಹೇಳೋಣ ಎಂಬ ಹುಡುಗುತನ.

ಮರುದಿನ ಅವನ ಬಸ್ಸು ದಾರಿಯಲ್ಲಿ ಕೆಟ್ಟು ನಿಂತಿತು. ದಿನವೂ ಅವಳ ಬಿಲ್ಲು ಜೋಡಿಸುತ್ತಿದ್ದವನು ಅವನು. ಅವತ್ತು ಅವಳೇ ಗಡಿಬಿಡಿಯಲ್ಲಿ ಜೋಡಿಸಿ ಗೆರೆಯ ಮೇಲೆ ನಿಂತಳು. ಬಾಣಗಳು ಒಂದು ಮೇಲೆ, ಒಂದು ಕೆಳಗೆ... ಒಂದೂ ಹೇಳಿದ ಮಾತು ಕೇಳಲಿಲ್ಲ! ಪಟ್ಟಿಯ ತಳದಲ್ಲಿ ಅವಳು, ತಂಡದ ಕೊನೆಯ ಜಾಗ ಅವಳ ಜೊತೆಗೇ ಹೊಡೆಯುತ್ತಿದ್ದ ಅವನ ತಂಗಿಗೆ.

"ನಿನ್ನೆ ಅವನೇ ಅಲ್ವಾ ನಿನ್ನ ಹೆದೆ ಮುಟ್ಟಿದ್ದು?" ಎಂದು ಜೊತೆಯವಳೊಬ್ಬಳು ಪಿಸುಗುಟ್ಟಿದಳು. ಅಷ್ಟು ಸಾಕಾಯಿತು. ಏದುಸಿರು ಬಿಡುತ್ತಾ ಓಡಿ ಬಂದವನನ್ನು ಎಲ್ಲರೆದುರು ಅವಳು ಕೇಳಿಬಿಟ್ಟಳು. "ನಿನ್ನ ತಂಗಿಗೋಸ್ಕರ ನನ್ನ ಬಿಲ್ಲು ಕೆಡಿಸಿದ್ಯಾ?"

ಅವನು ಬಿಳಿಚಿಕೊಂಡ. "ಕೊಡು, ನೋಡ್ತೀನಿ," ಎಂದ.

ಅವಳು ಕೊಡಲಿಲ್ಲ. ಹೆದೆ ಇಳಿಸಿ, ಬಿಲ್ಲನ್ನು ಬಿಚ್ಚುವ ತಾಳ್ಮೆಯೂ ಇಲ್ಲದೆ, ಇಡಿಯಾಗಿ ಹಾಸಿಗೆ ಬಟ್ಟೆಯಲ್ಲಿ ಸುತ್ತಿಕೊಂಡು ಹೊರಟು ಬಂದಳು.

*

"ಅತ್ತೇ, ಬಿಲ್ಲನ್ನ ಒರೆಸಿಡ್ಲಾ?"

ಶನಿವಾರ ಸಂಜೆ ಸೊಸೆ ಬಟ್ಟೆ ಹಿಡಿದು ನಿಂತಿದ್ದಳು. ಬಿಲ್ಲು ಊಟದ ಮೇಜಿನ ಮೇಲೆ ಮಲಗಿತ್ತು. ಬೆರಳಿಗೆ ಹಾಕುವ ಚರ್ಮದ ತುಂಡು ಹಪ್ಪಳದಂತೆ ಗಟ್ಟಿಯಾಗಿತ್ತು. ಬಾಣಗಳ ಗರಿಯನ್ನು ನುಸಿ ತಿಂದಿತ್ತು.

"ಒರೆಸು. ಇನ್ನೇನು, ಮತ್ತೆ ಮೇಲೇ ಇಡೋದು ತಾನೇ."

"ಯಾಕೆ? ನಾಳೆ ಹೋಗಲ್ವಾ?"

ಅವಳು ಒಂದು ಕನ್ನಡಕದ ಕಡ್ಡಿಗೆ ಸ್ಕ್ರೂ ಹಾಕುತ್ತಾ ಕುಳಿತಳು. ಸೊಸೆ ಬಿಲ್ಲನ್ನು ಎತ್ತಿ ಹಿಡಿದು ತಲೆ ಓರೆ ಮಾಡಿದಳು.

"ಇದೇನತ್ತೆ, ಇಲ್ಲಿ ಅಂಕಿ ಬರೆದಿದಾರೆ... ತಲೆಕೆಳಗಾಗಿದೆಯಲ್ಲ? ಮೇಲೆ ಇರೋ ಪಟ್ಟೀಲಿ?"

ಅವಳ ಕೈಯಿಂದ ಸ್ಕ್ರೂಡ್ರೈವರ್ ಜಾರಿತು.

ಹಿಡಿಕೆಗೆ ಎರಡು ಬಾಗಿದ ಪಟ್ಟಿಗಳನ್ನು ಜೋಡಿಸಿದರೆ ಒಂದು ಬಿಲ್ಲು. ನೋಡಲು ಎರಡೂ ಒಂದೇ ಥರ. ಆದರೆ ಕೆಳಗಿನದು ಮೇಲಿನದಕ್ಕಿಂತ ಚೂರು ಬಿಗಿ. ಅದಕ್ಕೇ ಕೆಳಗಿನ ಪಟ್ಟಿಯ ಮೇಲೆ ಮಾತ್ರ ಬಿಲ್ಲು ಎಳೆಯಲು ಬೇಕಾಗುವ ತೂಕದ ಅಂಕಿ ಬರೆದಿರುತ್ತಾರೆ. ಆ ಅಂಕಿ ಎಂದೂ ಮೇಲೆ ಬರಕೂಡದು. ಬಂದರೆ ಬಾಣ ಹೇಳಿದ ಮಾತು ಕೇಳುವುದಿಲ್ಲ.

ಅದು ಮೇಲಿತ್ತು.

ಜೋಡಿಸಿದ್ದು ಯಾರು? ಅವಳು. ಆಮೇಲೆ ಬಿಚ್ಚಿದ್ದು? ಯಾರೂ ಇಲ್ಲ!

'ಅಯ್ಯೋ ದೇವರೇ... ನಾನೇ! ನನ್ನ ಕೈಯೇ! ದಿನಾ ಊರಿನವರ ಕಣ್ಣೆಲ್ಲ ಪರೀಕ್ಷೆ ಮಾಡ್ತೀನಿ... ನನ್ನ ಕಣ್ಣೆದುರಿಗಿದ್ದದ್ದು ನನಗೆ ಕಾಣಲಿಲ್ಲ!'

ಮತ್ತೊಂದು ನೆನಪು ಚುಚ್ಚಿತು. ಮೊನ್ನೆ ಅವನ ದೃಷ್ಟಿ ಬಿಲ್ಲಿನ ಮೇಲೆ ನಿಂತಿತ್ತಲ್ಲ... ಅವನು ನೋಡಿದ್ದ. ನೋಡಿಯೂ ಒಂದು ಮಾತು ಆಡಿರಲಿಲ್ಲ.

"ಅತ್ತೆ? ಯಾಕತ್ತೆ, ಅಳ್ತಿದೀರಾ?"

"ಉಳಿದರ್ಧ ಕಥೆ ಹೇಳ್ತೀನಿ, ಕೂತ್ಕೋ," ಎಂದಳು ಅವಳು. ಎಲ್ಲ ಕೇಳಿದ ಸೊಸೆ ಮೂಗು ಒರೆಸಿಕೊಂಡು ಒಂದೇ ಮಾತು ಅಂದಳು. "ನಾಳೆ ಹೋಗದಿದ್ರೆ ನಾನೇ ಹೊತ್ತು ಹಾಕಿ ಬರ್ತೀನಿ."

*

ಭಾನುವಾರ ಬೆಳಿಗ್ಗೆ ಮೈದಾನದಲ್ಲಿ ಅವನು ಕಾಣಲಿಲ್ಲ. ಗೆರೆಯ ಮೇಲೆ ಒಂದಷ್ಟು ಮಂದಿ ಬಾಣ ಹೊಡೆಯುತ್ತಿದ್ದರು. ಹೊರಟೇ ಹೋದನಾ? ಮೊನ್ನೆ ನಾನು ಅಂದದ್ದಕ್ಕೆ...

ತಗಡಿನ ಶೆಡ್ಡಿನಿಂದ ಮೇಣದ ವಾಸನೆ ಬಂತು. ಇಣುಕಿದಳು. ಅವನು ಎರಡು ಮೊಳೆಗಳ ನಡುವೆ ಹೊಸ ಹೆದೆ ಬಿಗಿದು ತಿಕ್ಕುತ್ತಿದ್ದ. ನೂಲು ಕೆಂಪು, ಅವಳು ಆಗ ಬಳಸುತ್ತಿದ್ದ ಬಣ್ಣ.

"ನನ್ನ ಬಿಲ್ಲಿಗಾ?"

ಅವನು ತಲೆ ಎತ್ತಿದ. "ಹೂಂ."

"ಅಳತೆ ತಗೊಳ್ಳಲೇ ಇಲ್ವಲ್ಲ?"

"ನಿಮ್ಮ ಬಿಲ್ಲಿನ ಅಳತೆ ನಾನು ತಗೋಬೇಕಾ?"

ಅವಳಿಗೆ ತಡೆಯಲಾಗಲಿಲ್ಲ. ಬಿಲ್ಲನ್ನು ಅವನ ಮುಂದೆ ಇಟ್ಟು, ಆ ಅಂಕಿಯ ಮೇಲೆ ಬೆರಳಿಟ್ಟಳು. ಹೇಳಬೇಕೆಂದುಕೊಂಡಿದ್ದ ಮಾತುಗಳೆಲ್ಲ ಕಣ್ಣೀರಿನಲ್ಲಿ ಕಲಸಿಹೋದವು. "ತಪ್ಪು ನನ್ನದು... ಎಲ್ಲರೆದುರು ನಿನ್ನನ್ನ... ನಾನು..."

"ಗೊತ್ತು. ಮೊನ್ನೆ ನೋಡಿದೆ."

"ಮತ್ತೆ ಹೇಳಲಿಲ್ಲ ಯಾಕೆ?"

"ಹೇಳಿದ್ರೆ ನಾಚಿಕೊಂಡು ಮತ್ತೆ ಬರ್ತಿರಲಿಲ್ಲ. ನನಗೆ ನೀನು ಬರೋದು ಬೇಕಾಗಿತ್ತು."

ಅವಳು ಸೆರಗಿನಿಂದ ಕನ್ನಡಕ ಒರೆಸಿಕೊಂಡಳು. "ಆಗಲಾದ್ರೂ ಮನೆಗೆ ಬಂದು ಎರಡು ಬೈಬಹುದಿತ್ತಲ್ಲ!"

"ಬಂದಿದ್ದೆ. ಮನೆ ತುಂಬ ನೆಂಟರು. ನಿನ್ನ ಮದುವೆ ಮಾತುಕತೆ. ಹಾಗೇ ತಿರುಗಿ ಬಂದೆ."

"ನೀನು...? ಮದುವೆ?"

"ಕೇಳಿದ್ದು ಒಬ್ಬಳನ್ನೇ. ಅವಳು ನಾಳೆ ಹೇಳ್ತೀನಿ ಅಂದಿದ್ಲು." ಅವನು ನಗಲು ನೋಡಿದ. ಆದರೆ ತುಟಿ ಅದುರಿತು.

ಪಟ್ಟಿಗಳನ್ನು ಬಿಚ್ಚಿ, ಅಂಕಿ ಇದ್ದದ್ದನ್ನು ಕೆಳಗೆ ಹಾಕಿದ. ಬಿಗಿಯನ್ನು ಆದಷ್ಟು ಸಡಿಲಿಸಿದ. ಹೊಸ ಹೆದೆ ಏರಿಸಿದ. "ಬಿಲ್ಲಿಗೂ ವಯಸ್ಸಾಗಿದೆ, ನಿನಗೂ ಆಗಿದೆ. ಪೂರ್ತಿ ಎಳೀಬೇಡ. ಮೂವತ್ತು ಮೀಟರಿಗೆ ಇಷ್ಟು ಸಾಕು."

"ನಿನಗೇನು ಹದಿನೆಂಟಾ?"

ಗೆರೆಯ ಮೇಲೆ ನಿಂತು, ಕ್ಲಬ್ಬಿನ ಬಾಣವೊಂದನ್ನು ಹೂಡಿ ಅವಳು ಎಳೆದಳು. ಬಿಲ್ಲಿನ ಹಳೆಯ ಮರ ಕಿರ್ರೆಂದಿತು, ಅವಳ ಭುಜವೂ ಸಣ್ಣಗೆ ನೋಯಿತು. ಬಿಟ್ಟಳು. ಬಾಣ ಹೋಗಿ ಹಲಗೆಯ ಅಂಚಿಗೆ ನಾಟಿತು. ನಟ್ಟನಡುವಿನ ಹಳದಿಯಿಂದ ಬಹಳ ದೂರ... ಆದರೆ ಹೇಳಿದ ಮಾತು ಕೇಳಿತ್ತು!

ಅವನು ಮೂರು ಸೀಟಿ ಊದಿದ. ಇಬ್ಬರೂ ಹೆಜ್ಜೆ ಹಾಕಿದರು. ಅವಳ ಎದೆ ಹುಡುಗಿಯ ಎದೆಯ ಹಾಗೆ ಹೊಡೆದುಕೊಳ್ಳುತ್ತಿತ್ತು.

"ಅವತ್ತು ನೀನು ಕೇಳಿದ್ದಕ್ಕೆ..." ಎನ್ನುವಷ್ಟರಲ್ಲಿ ಹಲಗೆ ಬಂದೇಬಿಟ್ಟಿತು. ಅಕ್ಕಪಕ್ಕದವರೆಲ್ಲ ಬಾಣ ಕೀಳಲು ಬಂದು ನಿಂತರು. ಅವಳು ಬಾಯಿ ಮುಚ್ಚಿಕೊಂಡಳು.

ಅವನು ಒಂದು ಕ್ಷಣ ಅವಳನ್ನೇ ನೋಡಿದ. ಬಾಣ ಕಿತ್ತು ಅವಳ ಕೈಗಿತ್ತ. ಎಲ್ಲರೂ ಹಿಂತಿರುಗಿದ ಮೇಲೆ ಹಲಗೆಯ ಕಾಲು ಹಿಡಿದು ಎಳೆಯತೊಡಗಿದ.

"ಏಯ್, ಎಲ್ಲಿಗೆ ತಗೊಂಡು ಹೋಗ್ತಿದೀಯಾ?"

"ಎಪ್ಪತ್ತಕ್ಕೆ."

"ಹುಚ್ಚಾ! ನನ್ನ ಬಾಣ ಅಲ್ಲಿಗೆ ಮುಟ್ಟಲ್ಲ!"

"ಮುಟ್ಟದಿದ್ರೆ ಬೇಡ, ಬಿದ್ದಲ್ಲಿಂದ ಹೆಕ್ಕೊಂಡು ಬರೋಣ. ನಿನ್ನ ಮಾತು ಮುಗಿಯೋಷ್ಟು ದಾರಿ ಬೇಕಲ್ಲ."

ಅವಳ ಕಣ್ಣು ತುಂಬಿಕೊಂಡಿತು, ನಗುವೂ ಬಂತು. ಹೋಗಿ ಹಲಗೆಯ ಇನ್ನೊಂದು ಕಾಲು ಹಿಡಿದಳು. ಇಬ್ಬರೂ ಅದನ್ನು ಹೊತ್ತು, ನಡುನಡುವೆ ನಿಂತು ಉಸಿರು ತೆಗೆದುಕೊಳ್ಳುತ್ತಾ, ಹುಲ್ಲಿನ ಮೇಲೆ ನಡೆದರು.

"ಹೂಂ," ಎಂದಳು ಅವಳು, ನೆಲ ನೋಡುತ್ತಾ.

"ಏನು ಹೂಂ?"

"ನೀನು ಕೇಳಿದ್ದಕ್ಕೆ. ಹೂಂ. ಯಾವಾಗ್ಲೂ."

ಅವನು ನಿಂತೇಬಿಟ್ಟ. ಹಲಗೆ ಒಂದು ಕಡೆಗೆ ವಾಲಿತು.

"ಇನ್ನೊಂದ್ಸಲ ಹೇಳು."

"ನಡಿ ಮೊದಲು... ವಾಪಸ್ ಬರ್ತಾ ಹೇಳ್ತೀನಿ."