ರಾಣಿಯ ನರೆಗೂದಲು ಮತ್ತು ಕಪ್ಪು ಕದ್ದ ಕಾಳಾಂಜನ

ಬಹಳ ಹಿಂದೆ, ಇಂದಿನ ದೊಡ್ಡ ದಾರಿಗಳೆಲ್ಲ ಇನ್ನೂ ಕಾಲುಹಾದಿಗಳಾಗಿದ್ದ ಕಾಲದಲ್ಲಿ, ನೇಸರಗಿರಿ ಎಂಬ ರಾಜ್ಯವಿತ್ತು. ಕಂಚಲದೇವಿ ಎಂಬ ರಾಣಿ ಅದನ್ನು ಆಳುತ್ತಿದ್ದಳು. ಅವಳ ಗಂಡ ತೀರಿಕೊಂಡಿದ್ದ. ಮಗಳು ಚಂದಲೆಗೆ ಆರು ವರ್ಷ.

ಆ ರಾಜ್ಯದಲ್ಲಿ ಒಂದು ಹಳೆಯ ಶಾಸನವಿತ್ತು. ತಲೆ ನರೆತವರು ಸಿಂಹಾಸನದಲ್ಲಿ ಕೂರಬಾರದು. ಮುಂದೆ ಪಟ್ಟಕ್ಕೆ ಬರುವವರು ಚಿಕ್ಕವರಾಗಿದ್ದರೆ, ಅವರು ದೊಡ್ಡವರಾಗುವ ತನಕ ಆಸ್ಥಾನದ ಮಂತ್ರವಾದಿಯೇ ರಾಜ್ಯ ನೋಡಿಕೊಳ್ಳಬೇಕು. ಹೀಗೆಂದು ಅರಮನೆಯ ಬಾಗಿಲಲ್ಲಿ ಕಲ್ಲಿನ ಮೇಲೆ ಕೆತ್ತಿತ್ತು.

ಮಂತ್ರವಾದಿಯ ಹೆಸರು ಕಾಳಾಂಜನ. ಅವನ ವಯಸ್ಸು ಎಷ್ಟೆಂದು ಯಾರಿಗೂ ಗೊತ್ತಿರಲಿಲ್ಲ. ಕೂದಲು ಮಾತ್ರ ಕಾಡಿಗೆಯಷ್ಟು ಕಪ್ಪಾಗಿತ್ತು.

ಕಂಚಲದೇವಿಗೆ ಮೂವತ್ತನಾಲ್ಕು ತುಂಬಿದ ವರ್ಷ ಬೈತಲೆಯ ಪಕ್ಕದಲ್ಲಿ ನರೆ ಕಾಣಿಸಿತು. ಮೊದಲು ನಾಲ್ಕೈದು ಎಳೆ. ಮೂರು ತಿಂಗಳಲ್ಲಿ ಒಂದು ಹಿಡಿ. ರಾಣಿ ಹೆದರಿದಳು. ಯಾರಿಗೂ ಹೇಳದೆ ಕಾಳಾಂಜನನನ್ನು ಕರೆಸಿದಳು.

"ಮುಚ್ಚಬಹುದು" ಎಂದ ಕಾಳಾಂಜನ. "ನನ್ನ ಹತ್ತಿರ ಕಪ್ಪು ಲೇಪ ಇದೆ. ಆದರೆ ಅದು ನಿಲ್ಲುವುದು ಒಂದೇ ದಿನ. ಹೊತ್ತು ಮುಳುಗಿದರೆ ಬಣ್ಣ ಹೋಗುತ್ತದೆ. ದಿನವೂ ಬೆಳಿಗ್ಗೆ ನೀವೇ ಕೂತು, ನೀವೇ ಬಾಯಿಬಿಟ್ಟು 'ಹಚ್ಚು' ಅನ್ನಬೇಕು."

ರಾಣಿ ಒಪ್ಪಿದಳು.

ಅಂದಿನಿಂದ ಅವಳ ಬೆಳಗು ಅವಳದಾಗಿ ಉಳಿಯಲಿಲ್ಲ. ಹೊತ್ತು ಹುಟ್ಟಿದಾಗ ತಲೆ ಬಗ್ಗಿಸಿ ಕೂತರೆ ಏಳುತ್ತಿದ್ದುದು ಮಧ್ಯಾಹ್ನಕ್ಕೆ. ಮಗಳ ಜೊತೆ ಕೊಳಕ್ಕೆ ಇಳಿಯುವಂತಿಲ್ಲ, ಬೆವರುವಂತಿಲ್ಲ, ಊರು ಬಿಟ್ಟು ಹೋಗುವಂತಿಲ್ಲ. ದೊಡ್ಡಕೆರೆಯ ಏರಿ ಬಿರುಕು ಬಿಟ್ಟಿದೆ ಎಂದು ಹೇಳಲು ಬಂದವರು ಹನ್ನೊಂದು ದಿನ ಹೊರಗೆ ಕಾದು ವಾಪಸು ಹೋದರು. ಹೀಗೇ ಮೂರು ವರ್ಷ ಕಳೆಯಿತು.

ರಾಣಿಯ ತಲೆ ಬಾಚುವವಳು ಲಿಂಬವ್ವ. ವಯಸ್ಸು ನಲವತ್ತೆಂಟು. ಕಂಚಲದೇವಿ ಎರಡು ಜಡೆ ಹಾಕುತ್ತಿದ್ದ ಹುಡುಗಿಯಾಗಿದ್ದಾಗಿನಿಂದ ಅವಳ ಕೂದಲು ಲಿಂಬವ್ವನ ಕೈಯಲ್ಲೇ ಬೆಳೆದಿತ್ತು. ಮಾತು ಕಡಿಮೆ, ಕೈ ಮೃದು. ಸೆರಗನ್ನು ಯಾವಾಗಲೂ ತಲೆಯ ಮೇಲೆ ಬಿಗಿಯಾಗಿ ಹೊದ್ದಿರುತ್ತಿದ್ದಳು.

ಒಂದು ದಿನ ಲಿಂಬವ್ವ ಎರೆಭೂಮಿಯ ಸೀಮೆಯಲ್ಲಿದ್ದ ತಂಗಿಯ ಊರಿಗೆ ಹೋದಳು. ಊರಿನ ಕಪ್ಪು ಹೊಲಗಳು ಬೂದಿಯಂತೆ ಬೆಳ್ಳಗಾಗಿದ್ದವು. ಬಿತ್ತಿದ ಜೋಳ ಮೇಲೆದ್ದಿರಲಿಲ್ಲ. ಮೋಡ ಬರುತ್ತಿತ್ತು, ಆದರೆ ಹಿಂಜಿದ ಹತ್ತಿಯಂಥ ಮೋಡ, ಮಳೆ ಸುರಿಯದೆ ಹೋಗುತ್ತಿತ್ತು. ಕಾಗೆ ಬೆಳ್ಳಗಿತ್ತು, ಎಮ್ಮೆ ಬೆಳ್ಳಗಿತ್ತು.

"ಅಕ್ಕಾ, ನಮ್ಮ ಎಮ್ಮೆ ಯಾವುದು, ಪಕ್ಕದ ಮನೆಯ ಎಮ್ಮೆ ಯಾವುದು ಅಂತ ಗೊತ್ತಾಗ್ತಿಲ್ಲ" ಎಂದು ತಂಗಿ ಅತ್ತಳು. "ದಿನಕ್ಕೊಂದು ವಸ್ತುವಿನ ಕಪ್ಪು ಹೋಗ್ತಿದೆ. ನಿನ್ನೆ ಎಳ್ಳಿನದು ಹೋಯ್ತು."

ಲಿಂಬವ್ವ ಅಂದೇ ಹಿಂತಿರುಗಿ ರಾಣಿಗೆ ಎಲ್ಲವನ್ನೂ ಹೇಳಿದಳು. ರಾಣಿ ಕಾಳಾಂಜನನನ್ನು ಕರೆಸಿ ಕೇಳಿದಳು. ಅವನು ಏನನ್ನೂ ಮುಚ್ಚಿಡಲಿಲ್ಲ.

"ಕಪ್ಪು ಬಣ್ಣ ಎಲ್ಲಿಂದಾದರೂ ಬರಬೇಕಲ್ಲ, ದೊರೆಸಾನಿ? ನೀವು 'ಹಚ್ಚು' ಅಂದಾಗಲೆಲ್ಲ ರಾಜ್ಯದ ಒಂದು ಕಪ್ಪು ನನ್ನದಾಗುತ್ತದೆ. ಸ್ವಲ್ಪ ನಿಮ್ಮ ತಲೆಗೆ, ಉಳಿದದ್ದು ನನ್ನ ಆಯಸ್ಸಿಗೆ. ಒಂದೇ ಒಂದು ದಿನ, ಹೊತ್ತು ಹುಟ್ಟಿ ಮುಳುಗುವ ತನಕ, ನೀವು 'ಹಚ್ಚು' ಅನ್ನದಿದ್ದರೆ ತೆಗೆದ ಕಪ್ಪೆಲ್ಲ ವಾಪಸು ಹೋಗುತ್ತದೆ. ಆದರೆ ಆ ದಿನ ನಿಮ್ಮ ತಲೆ ಊರಿಗೆಲ್ಲ ಕಾಣುತ್ತದೆ. ಆಗ ರಾಜ್ಯವೇ ನನ್ನದು."

"ಮುಂದೆ ಏನನ್ನು ತೆಗೆಯುತ್ತೀ?"

"ಸಣ್ಣಪುಟ್ಟದ್ದು ಇನ್ನು ಹದಿನೈದು ದಿನಕ್ಕೆ ಸಾಕು. ಅಮಾವಾಸ್ಯೆಯ ದಿನ ಮಕ್ಕಳ ಕಣ್ಣಿನ ಕಪ್ಪು" ಎಂದು ಹೇಳಿ ಕಾಳಾಂಜನ ಹೋದ.

ರಾಣಿ ಮಗಳ ಕಡೆ ನೋಡಿದಳು. ಚಂದಲೆ ಪಕ್ಕದಲ್ಲೇ ಗೊಂಬೆಗೆ ಜಡೆ ಹಾಕುತ್ತಿದ್ದಳು.

"ಲಿಂಬವ್ವ, ನಾಳೆಯೇ ಪಟ್ಟ ಇಳಿದುಬಿಡಲೇ?"

"ಇಳಿದರೆ ಅವನೇ ಕೂರುತ್ತಾನೆ ತಾಯಿ. ಕಣ್ಣು ಇವತ್ತು ಉಳಿದರೂ ನಾಡಿದ್ದು ಹೋಗುತ್ತವೆ. ನನಗೆ ಹದಿನೈದು ದಿನ ಕೊಡಿ. ಅವನ ಲೇಪವಿಲ್ಲದೆ ನರೆ ಮುಚ್ಚುವ ದಾರಿ ಇದ್ದೇ ಇರುತ್ತದೆ. ದಿನದಿನ ಕೂರುವಂಥದ್ದಲ್ಲ, ಒಮ್ಮೆ ಹಚ್ಚಿದರೆ ತಿಂಗಳು ಮರೆಯುವಂಥದ್ದು. ಹುಡುಕಿ ತರುತ್ತೇನೆ."

ಒಂದು ಬಾಚಣಿಗೆ, ಒಂದು ಕುಡಿಕೆ ಎಳ್ಳೆಣ್ಣೆ, ನಾಲ್ಕು ದಿನಕ್ಕಾಗುವಷ್ಟು ರೊಟ್ಟಿ ಕಟ್ಟಿಕೊಂಡು ಲಿಂಬವ್ವ ಹೊರಟಳು.

ಮೂರು ದಿನ ನಡೆದ ಮೇಲೆ ಕೆಂಪುಬಯಲು ಸಿಕ್ಕಿತು. ಅಲ್ಲಿ ಕಣ್ಣು ಹಾಯುವಷ್ಟು ದೂರ ಮದರಂಗಿ ಗಿಡ. ಗಿಡಗಳ ನಡುವೆ ಒಂದು ಕರಡಿ ಕೂತಿತ್ತು. ಮೈಯೆಲ್ಲ ಸುಣ್ಣ ಬಳಿದಂತೆ ಬಿಳಿ, ಕೂದಲು ಜಡೆಗಟ್ಟಿತ್ತು. ಕಣ್ಣಿಂದ ನೀರು ಸುರಿಯುತ್ತಿತ್ತು.

"ಎಲೆ ಮುಟ್ಟಿದರೆ ಸೀಳುತ್ತೇನೆ" ಎಂದಿತು ಕರಡಿ.

"ಸೀಳುವ ಮೊದಲು ಯಾಕೆ ಅಳುತ್ತಿದ್ದೀ ಹೇಳು" ಎಂದಳು ಲಿಂಬವ್ವ.

ಕರಡಿ ಹೇಳಿತು. ಕಪ್ಪು ಹೋದ ದಿನದಿಂದ ಮರಿಗಳು ಅದನ್ನು ಗುರುತಿಸುತ್ತಿರಲಿಲ್ಲ. ಹತ್ತಿರ ಹೋದರೆ ಚೀರಿ ಮರ ಹತ್ತುತ್ತಿದ್ದವು. ಲಿಂಬವ್ವ ತಾನು ಬಂದ ಕಾರಣವನ್ನೂ ಹೇಳಿ, ಸಂಜೆಯ ತನಕ ಕೂತು ಕರಡಿಯ ಮೈಯನ್ನು ಬಾಚಿದಳು. ಬಾಚಣಿಗೆಯಲ್ಲಿ ಬಂದ ಕೂದಲನ್ನು ಉಂಡೆ ಮಾಡಿ ಮರದ ಬುಡದಲ್ಲಿಟ್ಟಳು. ಮರಿಗಳು ಇಳಿದು ಬಂದು ಮೂಸಿದವು. ಮತ್ತೆ ಮೂಸಿದವು. ಆಮೇಲೆ ಓಡಿ ಬಂದು ತಾಯಿಯ ಹೊಟ್ಟೆಗೆ ಅಂಟಿಕೊಂಡವು.

"ಬೇಕಾದಷ್ಟು ಎಲೆ ಕೊಯ್ದುಕೋ" ಎಂದಿತು ಕರಡಿ. "ಒಣಗಿಸಿ ಪುಡಿ ಮಾಡು. ಕಬ್ಬಿಣದ ಬಾಣಲೆಯಲ್ಲಿ ನೆಲ್ಲಿಕಾಯಿ ರಸ ಹಾಕಿ ಕಲಸಿ ಒಂದು ರಾತ್ರಿ ಬಿಡು. ನರೆ ಕೆಂಪಾಗುತ್ತದೆ. ನೀರಿಗೆ ಹೋಗುವುದಿಲ್ಲ. ಆದರೆ ಬರೀ ಕೆಂಪು ನಿನಗೆ ಸಾಲದು. ನೀಲಿಕಣಿವೆಗೆ ಹೋಗು."

ನೀಲಿಕಣಿವೆಗೆ ಎರಡು ದಿನದ ದಾರಿ. ಕಣಿವೆಯ ಬಾಯಲ್ಲೇ ಬಂಡೆಯ ಮೇಲೆ ಒಂದು ಹಾವು ಬಿದ್ದಿತ್ತು. ಹಿಂದೆ ಅದು ಕರಿನಾಗರ. ಈಗ ಬೆಳ್ಳಗಾಗಿತ್ತು. ಪೊರೆ ಅರ್ಧ ಕಳಚಿ ಕಣ್ಣಿನ ಮೇಲೇ ಅಂಟಿಕೊಂಡಿತ್ತು.

"ಯಾರು ಬಂದದ್ದು?" ಎಂದು ಹೆಡೆಯೆತ್ತಿತು ಹಾವು. "ನನಗೆ ಕಣ್ಣು ಕಾಣಿಸುತ್ತಿಲ್ಲ. ಕಾಲ ಸಪ್ಪಳ ಕೇಳಿದ ಕಡೆ ಕಚ್ಚುತ್ತೇನೆ."

ಓಡಿದರೆ ಕಚ್ಚುತ್ತದೆ, ನಿಂತರೂ ಕಚ್ಚಬಹುದು. ಲಿಂಬವ್ವ ನಿಂತಲ್ಲೇ ಮೆಲ್ಲಗೆ ಕುಳಿತಳು.

"ನಾನು ತಲೆ ಬಾಚುವವಳು ನಾಗಪ್ಪ. ಸಿಕ್ಕು ಬಿಡಿಸುವುದು ನನ್ನ ಕೆಲಸ. ನರೆ ಮುಚ್ಚುವ ಬಣ್ಣ ಹುಡುಕಿ ಬಂದೆ. ನಿನ್ನ ಪೊರೆ ಬಿಡಿಸುತ್ತೇನೆ, ಅಲುಗಾಡಬೇಡ."

"ಎಳೆದೆಯೋ, ಕೊಂದೆ."

"ಎಳೆಯುವುದಿಲ್ಲ."

ಬೆರಳಿಗೆ ಎಳ್ಳೆಣ್ಣೆ ಹಚ್ಚಿಕೊಂಡು ಹಾವಿನ ಕಣ್ಣಿನ ಅಂಚಿಗೆ ಸವರಿದಳು. ಕಾದಳು. ಮತ್ತೆ ಸವರಿದಳು. ಮತ್ತೆ ಕಾದಳು. ಹಾವಿನ ನಾಲಿಗೆ ಎರಡು ಸಲ ಅವಳ ಮಣಿಕಟ್ಟನ್ನು ತಾಕಿತು, ಅವಳು ಕೈ ಹಿಂದೆ ತೆಗೆಯಲಿಲ್ಲ. ನೆರಳು ಬಂಡೆಯ ಆಚೆ ಬದಿಗೆ ಹೋಗುವ ಹೊತ್ತಿಗೆ ಪೊರೆ ಮೆತ್ತಗಾಗಿ ತಾನಾಗಿಯೇ ಜಾರಿತು.

ಹಾವು ಕಣ್ಣು ಬಿಟ್ಟು ಅವಳನ್ನು ನೋಡಿತು. "ನಿನಗೆ ಕಾಯಲು ಬರುತ್ತದೆ. ಈ ಕಣಿವೆಯ ನೀಲಿ ಎಲೆಗೂ ಅದೇ ಬೇಕು. ಮೊದಲು ಮದರಂಗಿ ಹಚ್ಚಿ, ಕಾದು, ತೊಳೆ. ಆಮೇಲೆ ನೀಲಿ ಪುಡಿಯನ್ನು ನೀರಲ್ಲಿ ಕಲಸಿ ಹಚ್ಚಿ, ಕಾದು, ತೊಳೆ. ಕೆಂಪಿನ ಮೇಲೆ ನೀಲಿ ಕೂತರೆ ಕಡುಕಂದು. ಎರಡನ್ನೂ ಒಟ್ಟಿಗೆ ಬಳಿದು ಅವಸರ ಮಾಡಿದವರ ತಲೆ ಹಸಿರಾಗಿದ್ದನ್ನು ನೋಡಿದ್ದೇನೆ."

ಲಿಂಬವ್ವ ನೀಲಿ ಎಲೆ ತುಂಬಿಕೊಂಡಳು. "ಇಷ್ಟು ಸಾಕೇ?" ಎಂದು ಕೇಳಿದಳು.

"ಬಣ್ಣಕ್ಕೆ ಸಾಕು. ಆದರೆ ಬುಡದಲ್ಲಿ ಹೊಸ ನರೆ ಎಂಟೇ ದಿನಕ್ಕೆ ಇಣುಕುತ್ತದೆ. ಅದಕ್ಕೇನು ಮಾಡುತ್ತೀ? ಮುಸುವಗಳ ಗುಡ್ಡಕ್ಕೆ ಹೋಗಿ ಕೇಳು."

ಮುಸುವಗಳ ಗುಡ್ಡದಲ್ಲಿ ಮುದಿ ಮುಸುವವೊಂದು ಬಂಡೆಯ ತುದಿಯಲ್ಲಿ ಕೂತಿತ್ತು. ಆ ಕೋತಿಯ ಕರಿ ಮುಖ ಈಗ ಹಿಟ್ಟು ಮೆತ್ತಿದಂತೆ ಬಿಳಿ. ಆದರೂ ಅದು ಆರಾಮಾಗಿ ಹಣ್ಣು ತಿನ್ನುತ್ತಿತ್ತು. ಲಿಂಬವ್ವನ ಮಾತು ಕೇಳಿ ತಲೆ ಕೆರೆದುಕೊಂಡಿತು.

"ಹೇಳಿಕೊಡುತ್ತೇನೆ. ಮೊದಲು ನಿನ್ನ ತಲೆ ತೋರಿಸು."

"ನನ್ನ ತಲೆ ಯಾಕೆ?"

"ಸೆರಗು ತೆಗೆದು ನನ್ನ ಹಿಂಡಿನ ನಡುವೆ ಈ ತುದಿಯಿಂದ ಆ ತುದಿಗೆ ನಡೆ. ಆಮೇಲೆ ಹೇಳುತ್ತೇನೆ."

ಕರಡಿಯ ಮುಂದೆ ಹೆದರದ, ಹಾವಿನ ಮುಂದೆ ಕೂತ ಲಿಂಬವ್ವ ಇಲ್ಲಿ ಹಿಂಜರಿದಳು. ಹತ್ತು ವರ್ಷದಿಂದ ಅವಳ ತಲೆಯನ್ನು ಯಾರೂ ನೋಡಿರಲಿಲ್ಲ. ಪೂರ್ತಿ ನರೆತಿತ್ತು. ಇತರರ ಕೂದಲನ್ನು ಚೆಂದ ಮಾಡುವವಳ ತಲೆಯೇ ಹೀಗಿದೆ ಎಂದು ನಾಚಿಕೆ. ಕೊನೆಗೆ ಕಣ್ಣು ಮುಚ್ಚಿ ಸೆರಗು ಇಳಿಸಿ ನಡೆದಳು.

ಒಂದು ಮುಸುವವೂ ನಗಲಿಲ್ಲ. ಒಂದು ಹೆಣ್ಣು ಮುಸುವ ಅವಳನ್ನು ಕೂರಿಸಿಕೊಂಡು ತಲೆಯಲ್ಲಿ ಹೇನು ಹುಡುಕಿತು. ಸಿಗದೆ ಬೇಜಾರಾಗಿ ಎದ್ದು ಹೋಯಿತು.

"ನೋಡಿದೆಯಾ?" ಎಂದಿತು ಮುದಿ ಮುಸುವ. "ಈಗ ಕೇಳು. ಎಲ್ಲವನ್ನೂ ಮುಚ್ಚಲು ಹೋದವರು ದಿನವೂ ಹಚ್ಚಬೇಕಾಗುತ್ತದೆ. ಎಳೆ ಬಿಟ್ಟು ಎಳೆ ಹಚ್ಚು. ಕಿವಿಯ ಹತ್ತಿರ ಒಂದಿಷ್ಟು ಹಾಗೆಯೇ ಬಿಡು. ಬೈತಲೆಯನ್ನು ನೇರ ಗೆರೆ ಎಳೆದಂತೆ ತೆಗೆಯಬೇಡ, ವಾರೆಯಾಗಿ ಸೊಟ್ಟಸೊಟ್ಟವಾಗಿ ತೆಗೆ. ಬುಡದಲ್ಲಿ ನರೆ ಬಂದರೂ ಬಣ್ಣ ಎಲ್ಲಿ ಮುಗಿಯಿತು, ನರೆ ಎಲ್ಲಿ ಶುರುವಾಯಿತು ಅಂತ ಯಾರಿಗೂ ತಿಳಿಯದು. ತಿಂಗಳಿಗೊಂದು ಸಲ ಸಾಕು."

ಲಿಂಬವ್ವ ಅಮಾವಾಸ್ಯೆಗೆ ಎರಡು ದಿನ ಇರುವಾಗ ಅರಮನೆಗೆ ಬಂದಳು. ಎಲೆಗಳನ್ನು ದಾರಿಯಲ್ಲೇ ಒಣಗಿಸಿದ್ದಳು. ಪುಡಿ ಮಾಡಿ ಜರಡಿ ಹಿಡಿದು, ಕಬ್ಬಿಣದ ಬಾಣಲೆಯಲ್ಲಿ ಮದರಂಗಿ ನೆನೆಹಾಕಿದಳು. ಮರುದಿನ ಸಂಜೆ ಕಾಳಾಂಜನನ ಬಣ್ಣ ಹೋದ ಕೂಡಲೇ ರಾಣಿಯ ತಲೆಗೆ ಎಳೆ ಬಿಟ್ಟು ಎಳೆ ಮದರಂಗಿ ಹಚ್ಚಿ, ಕಾದು, ತೊಳೆದಳು. ಆಮೇಲೆ ನೀಲಿ ಹಚ್ಚಿ, ಕಾದು, ತೊಳೆದಳು. ಚಂದಲೆ ಪಕ್ಕದಲ್ಲೇ ನಿದ್ದೆ ಹೋಗಿದ್ದಳು.

ಕಂಚಲದೇವಿ ಕನ್ನಡಿ ನೋಡಿಕೊಂಡಳು. "ಕಪ್ಪಾಗಿಲ್ಲ ಲಿಂಬವ್ವ."

"ಕಪ್ಪಾಗುವುದಿಲ್ಲ ತಾಯಿ. ಹುರಿದ ಹುಣಸೆಬೀಜದ ಬಣ್ಣ. ನಡುನಡುವೆ ತಾಮ್ರದ ಎಳೆ. ನಿಮಗೆ ಒಪ್ಪುತ್ತದೆ."

ಅಮಾವಾಸ್ಯೆಯ ಬೆಳಿಗ್ಗೆ ಕಾಳಾಂಜನ ಲೇಪದ ಬಟ್ಟಲು ಹಿಡಿದು ಬಂದ. ರಾಣಿ ಆಗಲೇ ಸಭೆಯಲ್ಲಿ ಕೂತಿದ್ದಳು. ಮೂರು ವರ್ಷದಲ್ಲಿ ಮೊದಲ ಸಲ ಸಭೆ ಬೆಳಿಗ್ಗೆಯೇ ಸೇರಿತ್ತು. ದೊಡ್ಡಕೆರೆಯವರು ಮೊದಲ ಸಾಲಿನಲ್ಲೇ ಕೂತು ಏರಿಯ ಬಿರುಕಿನ ಕತೆ ಹೇಳುತ್ತಿದ್ದರು.

"ದೊರೆಸಾನಿ, 'ಹಚ್ಚು' ಅನ್ನಿ" ಎಂದ ಕಾಳಾಂಜನ.

"ಅನ್ನುವುದಿಲ್ಲ."

ಅವನು ನಕ್ಕ. "ಕೇಳಿ ಪ್ರಜೆಗಳೇ! ನಿಮ್ಮ ರಾಣಿಯ ತಲೆ ನರೆತಿದೆ! ತೊಳೆದರೆ ಗೊತ್ತಾಗುತ್ತದೆ."

ನೀರು ತರಿಸಿ ತೊಳೆಸಿದ. ಬಣ್ಣ ಹೋಗಲಿಲ್ಲ. ಸೀಗೆ ಹಾಕಿ ತೊಳೆಸಿದ. ಹೋಗಲಿಲ್ಲ. ಬಿಸಿಲಲ್ಲಿ ಒಣಗಿಸಿ ಮತ್ತೆ ತೊಳೆಸಿದ. ಆಗಲೂ ಹೋಗಲಿಲ್ಲ. ಅಷ್ಟರಲ್ಲಿ ಅವನ ಕಣ್ಣು ಕಿವಿಯ ಹತ್ತಿರದ ಬಿಳಿ ಎಳೆಗಳ ಮೇಲೆ ಬಿತ್ತು.

"ನರೆ! ನೋಡಿ, ನರೆ!" ಎಂದು ಕೂಗಿದ.

ಕಂಚಲದೇವಿ ಎದ್ದು ನಿಂತಳು.

"ಹೌದು, ನರೆ. ಮೂರು ವರ್ಷದಿಂದ ಇದೆ. ನಾನು ಹೆದರಿ ಇವನ ಮುಂದೆ ತಲೆ ಬಗ್ಗಿಸಿದೆ. ನಿಮ್ಮ ಹೊಲದ ಕಪ್ಪು, ಮೋಡದ ಕಪ್ಪು ಹೋದದ್ದು ನನ್ನಿಂದ. ಇವತ್ತು ಇವನು ನಿಮ್ಮ ಮಕ್ಕಳ ಕಣ್ಣು ಕೇಳಲು ಬಂದಿದ್ದಾನೆ. ಕೊಡುವುದಿಲ್ಲ. ಇನ್ನು ಶಾಸನ ಹೇಳಿದಂತೆ ಆಗಲಿ."

ಮುದಿ ಮಂತ್ರಿ ದೇಪಣ್ಣ ಕೋಲೂರಿಕೊಂಡು ಎದ್ದ. "ಶಾಸನದಲ್ಲಿ 'ತಲೆ ನರೆತವರು' ಎಂದಿದೆ. ಒಂದೆರಡು ಕೂದಲು ನರೆತವರು ಎಂದಿಲ್ಲ. ಅರ್ಧಕ್ಕಿಂತ ಹೆಚ್ಚು ನರೆತರೆ ತಲೆ ನರೆತ ಹಾಗೆ. ಆರೋಪ ಹೊರಿಸಿದವನೇ ಎಣಿಸಿ ತೋರಿಸಲಿ. ಮೂರು ವರ್ಷದ ಹಿಂದೆ ಕೇಳಿದ್ದರೂ ಇದನ್ನೇ ಹೇಳುತ್ತಿದ್ದೆ, ತಾಯಿ. ನೀವು ಕೇಳಲಿಲ್ಲ."

"ಎಣಿಸುತ್ತೇನೆ!" ಎಂದ ಕಾಳಾಂಜನ. ಅರ್ಧಕ್ಕಿಂತ ಹೆಚ್ಚು ನರೆತಿದೆ ಎಂದು ಅವನಿಗೆ ಚೆನ್ನಾಗಿ ಗೊತ್ತಿತ್ತು.

ಅವನು ಎಣಿಸತೊಡಗಿದ. ತಾಮ್ರದ ಎಳೆ ನರೆಯೋ ಅಲ್ಲವೋ? ಕಂದು ಎಳೆ ಹುಟ್ಟಿದ್ದೇ ಹಾಗೋ, ಹಚ್ಚಿದ್ದೋ? ಒಂಬೈನೂರರ ತನಕ ಹೋಗಿ ಲೆಕ್ಕ ತಪ್ಪಿದ. ಮೊದಲಿನಿಂದ ಶುರುಮಾಡಿದ. ಎರಡು ಸಾವಿರದ ಹತ್ತಿರ ಬೈತಲೆಯ ಸೊಟ್ಟಕ್ಕೆ ಸಿಕ್ಕಿ ಯಾವ ಕಡೆ ಮುಗಿಸಿದ್ದೆ ಎಂಬುದು ಮರೆತ. ಮೂರನೆಯ ಸಲ ಶುರುಮಾಡಿದ. ಬಟ್ಟಲಿನ ಲೇಪ ಒಣಗಿತು. ರಾಣಿ ಕೂತಲ್ಲಿಂದಲೇ ಕೆರೆಯ ಏರಿಗೆ ಎಷ್ಟು ಕಲ್ಲು ಬೇಕೆಂದು ಕೇಳಿ ತೀರ್ಮಾನ ಕೊಟ್ಟಳು.

ಕಾಳಾಂಜನ ನಾಲ್ಕು ಸಾವಿರ ಮುಟ್ಟಿದಾಗ ಹೊತ್ತು ಮುಳುಗಿತು.

ಬಟ್ಟಲು ಅವನ ಕೈಯಲ್ಲೇ ಒಡೆಯಿತು. ಕಪ್ಪು ಹೊಗೆಯಂತೆ ಎದ್ದು ಬಾಗಿಲಿಂದ ಹೊರಗೆ ಹರಿಯಿತು. ಮಣ್ಣಿನ ಕಪ್ಪು ಮಣ್ಣಿಗೆ ಹೋಯಿತು, ಎಳ್ಳಿನದು ಎಳ್ಳಿಗೆ. ಕರಡಿಗೆ, ನಾಗರಕ್ಕೆ, ಮುಸುವದ ಮುಖಕ್ಕೆ ಅವುಗಳ ಬಣ್ಣ ಬಂತು. ಬಡಗಣ ದಿಕ್ಕಿನಲ್ಲಿ ಮೋಡ ಕರ್ರಗೆ ಕಟ್ಟಿ ಗುಡುಗಿತು. ಕಾಳಾಂಜನನ ತಲೆ ನೋಡನೋಡುತ್ತಲೇ ಬೆಳ್ಳಗಾಯಿತು, ಬೆನ್ನು ಬಾಗಿತು. ಮುನ್ನೂರು ವರ್ಷದ ಮುದುಕ ನೆಲದ ಮೇಲೆ ಕೂತು ಅಳತೊಡಗಿದ. ಅವನ ಬಾಯಲ್ಲಿ ಒಂದು ಮಂತ್ರವೂ ಉಳಿದಿರಲಿಲ್ಲ.

ಜನ ಅವನನ್ನು ಊರಾಚೆ ಹಾಕಿ ಎಂದರು. ಲಿಂಬವ್ವ ಅವನ ಹತ್ತಿರ ಹೋಗಿ ಕೂತಳು.

"ಅಳಬೇಡ ಅಜ್ಜ. ಬಾಣಲೆಯಲ್ಲಿ ಇನ್ನೂ ಸ್ವಲ್ಪ ಉಳಿದಿದೆ. ಹಚ್ಚಲೇ?"

ಮುದುಕ ಕಣ್ಣೊರೆಸಿಕೊಂಡ. "ದಿನವೂ ಹಚ್ಚಬೇಕಾ?"

"ಇಲ್ಲ. ತಿಂಗಳಿಗೊಂದು ಸಲ."

ರಾಣಿ ಅವನನ್ನು ಅರಮನೆಯ ಹಿತ್ತಲಿನ ಮದರಂಗಿ ತೋಟಕ್ಕೆ ನೀರು ಹಾಕುವ ಕೆಲಸಕ್ಕೆ ಇಟ್ಟಳು. ಮರುವಾರ ಕಲ್ಲುಕುಟಿಗರನ್ನು ಕರೆಸಿ ಹಳೆಯ ಶಾಸನವನ್ನು ಉಳಿಯಿಂದ ಅಳಿಸಿದಳು. ಪ್ರಜೆಗಳ ಮಾತು ಕೇಳದವರು ಸಿಂಹಾಸನದಲ್ಲಿ ಕೂರಬಾರದು ಎಂದು ಅದೇ ಜಾಗದಲ್ಲಿ ಹೊಸದು ಬರೆಸಿದಳು. ಕೆರೆಯ ಏರಿ ಗಟ್ಟಿಯಾಯಿತು, ಜೋಳ ಮೇಲೆದ್ದಿತು.

ಆಮೇಲೆ ನೇಸರಗಿರಿಯ ಊರೂರಲ್ಲಿ ತಿಂಗಳಿಗೊಂದು ಮಧ್ಯಾಹ್ನ ಹೆಂಗಸರು ಗಂಡಸರು ಜಗುಲಿಯ ಮೇಲೆ ಸೇರಿ ಒಬ್ಬರ ತಲೆಗೊಬ್ಬರು ಮದರಂಗಿ ಹಚ್ಚುವುದು ರೂಢಿಯಾಯಿತು. ಬೇಡವೆಂದವರೂ ಬಂದು ಕೂತು ಎಲೆಯಡಿಕೆ ಹಾಕಿಕೊಂಡು ಹರಟುತ್ತಿದ್ದರು. ಕಂಚಲದೇವಿ ಐವತ್ತರ ತನಕ ಹಚ್ಚಿಸಿಕೊಂಡಳು. ಆಮೇಲೆ ಒಂದು ತಿಂಗಳು ಏನೋ ಕೆಲಸವಿತ್ತು, ಬಿಟ್ಟಳು. ಮುಂದಿನ ತಿಂಗಳೂ ಬಿಟ್ಟಳು. ಲಿಂಬವ್ವ ಮಾತ್ರ ತನ್ನ ತಲೆಗೆ ಏನನ್ನೂ ಹಚ್ಚಿಕೊಳ್ಳಲಿಲ್ಲ. ಬೆಳ್ಳಿಯಂಥ ಕೂದಲನ್ನು ದೊಡ್ಡ ತುರುಬು ಕಟ್ಟಿ, ಅದಕ್ಕೊಂದು ಕನಕಾಂಬರದ ದಂಡೆ ಮುಡಿದು, ಕೈಯಲ್ಲಿ ಬಾಚಣಿಗೆ ಹಿಡಿದು ಅರಮನೆಯ ತುಂಬ ಓಡಾಡಿಕೊಂಡಿದ್ದಳು. ಎಲ್ಲರೂ ಬಹಳ ಕಾಲ ನೆಮ್ಮದಿಯಿಂದ ಬಾಳಿದರು.