ಯಾರಿಗೂ ಕೊಟ್ಟಿಲ್ಲ

ಕೊಲ್ಲಿ ನಾಡಿನ ರೂವಿ ಠಾಣೆಗೆ ದೂರು ಬಂದದ್ದು ಭಾನುವಾರ ಬೆಳಿಗ್ಗೆ ಎಂಟೂವರೆಗೆ. ದೂರಿನ ಜೊತೆಗೆ ದೂರುದಾರನೂ ಬಂದಿದ್ದ. ಇಂಥ ಕೇಸು ರೂವಿಯವರದು, ಕಾಗದ ನಾವೇ ಕಳಿಸುತ್ತೇವೆ, ನೀವು ಮನೆಗೆ ಹೋಗಿ ಎಂದು ಇಬ್ರಿಯ ಪೊಲೀಸರು ಎಷ್ಟು ಹೇಳಿದರೂ ಕೇಳದೆ, ಅದು ದಾರಿಯಲ್ಲೇ ಕಳೆದುಹೋದೀತೆಂದು ಮೂರು ತಾಸು ಕಾರು ಓಡಿಸಿಕೊಂಡು ಬಂದಿದ್ದ. ಹೆಸರು ಬಸಯ್ಯ, ಊರು ವಿಜಯಪುರದ ಕಡೆ, ಇಬ್ರಿಯ ಒಂದು ಕಂಪನಿಯಲ್ಲಿ ಎಂಜಿನಿಯರು.

ಇನ್ಸ್‌ಪೆಕ್ಟರ್ ಮುರಾದ್ ಬಲೂಶಿಗೆ ಹಿಂದಿ ಚೆನ್ನಾಗಿ ಬರುತ್ತಿತ್ತು. ಆದರೆ ಬಸಯ್ಯನ ಹಿಂದಿ ಮೂರನೆಯ ವಾಕ್ಯಕ್ಕೇ ಕನ್ನಡವಾಗುತ್ತಿತ್ತು. ಹಾಗಾಗಿ ಉಮರಬ್ಬನನ್ನು ಕರೆಸಬೇಕಾಯಿತು. ಬಂಟ್ವಾಳದ ಉಮರಬ್ಬ ರೂವಿಯಲ್ಲಿ ಅರ್ಜಿ ಬರೆದುಕೊಡುತ್ತಲೇ ತಲೆ ನರೆಸಿಕೊಂಡವನು, ಠಾಣೆಗೆ ಅವನೇ ದುಭಾಷಿ. ಅರಬ್ಬಿಯಲ್ಲಿ ಬರೆದುಕೊಂಡ ಆ ದೂರಿಗೆ ಇಲ್ಲಿ ಬೇರೆ ಹೆಸರಿದ್ದರೂ ಅವನು ಮಾತ್ರ ಎಫ್‌ಐಆರ್ ಎಂದೇ ಕರೆಯುತ್ತಿದ್ದ.

ಬಸಯ್ಯನಿಗೆ ಶುಕ್ರವಾರ ಮಧ್ಯಾಹ್ನ ಒಂದು ಇಮೇಲ್ ಬಂದಿತ್ತು. ಮೇಲೆ ಸರಕಾರದ ಲಾಂಛನ, ಕೆಳಗೆ ನಿವಾಸ ಕಾರ್ಡ್ ಕಚೇರಿಯ ಹೆಸರು. ಇಪ್ಪತ್ತನಾಲ್ಕು ಗಂಟೆಯೊಳಗೆ ಈ ಲಿಂಕ್ ಒತ್ತಿ ವಿವರ ತುಂಬದಿದ್ದರೆ ಕಾರ್ಡ್ ರದ್ದು, ದೇಶ ಬಿಡುವಂತಿಲ್ಲ. ಬಸಯ್ಯ ಒತ್ತಿರಲಿಲ್ಲ. ಯಾಕೆ ಒತ್ತಲಿಲ್ಲ ಎಂಬುದನ್ನು ಅವನು ಮುಕ್ಕಾಲು ಗಂಟೆ ವಿವರಿಸಿದ. ಜುಮ್ಮಾ ನಮಾಜಿನ ಹೊತ್ತಿಗೆ ಯಾವ ಸರಕಾರಿ ಕಚೇರಿ ತೆರೆದಿರುತ್ತದೆ? ಕಳಿಸಿದವರ ವಿಳಾಸದ ಬಾಲ ನೋಡಿದರೆ ಯಾರು ಬೇಕಾದರೂ ಪುಕ್ಕಟೆ ತೆಗೆಯುವಂಥದ್ದು. ‘ಪ್ರಿಯ ಗ್ರಾಹಕರೇ’ ಎಂದಿದೆ, ಕಾರ್ಡ್ ಕೊಟ್ಟವರಿಗೆ ತನ್ನ ಹೆಸರು ಗೊತ್ತಿಲ್ಲವೇ? ಮುರಾದ್ ಎರಡು ಸಲ ಖಲಾಸ್, ಖಲಾಸ್ ಎಂದ. ಬಸಯ್ಯನಿಗೆ ಅದು ಕೇಳಿಸಲಿಲ್ಲ.

ಕೇಸಿಗೆ ಬೇಕಾದ ಮಾತು ಅವನ ಬಾಯಿಂದ ಬಂದದ್ದು ಕಟ್ಟಕಡೆಗೆ. ಶನಿವಾರ ಒಬ್ಬ ಫೋನ್ ಮಾಡಿ, ತಾನು ಕಾರ್ಡ್ ಕಚೇರಿಯ ಅಧಿಕಾರಿ, ನಿಮ್ಮ ಕಾರ್ಡ್ ನಂಬರು ಮತ್ತು ಫೋನಿಗೆ ಬರುವ ಕೋಡ್ ಹೇಳಿ ಎಂದು ಹಿಂದಿಯಲ್ಲಿ ಕೇಳಿದ್ದ.

“ನಾ ಬಾಜೂಕ ಕುಂತ ಮನಿಯಾಕಿಗೆ ಅಂದೆ ಸರ್, ಇಂವ ಯಾವನೋ ಕಳ್ಳ ಇದ್ದಾನ ನೋಡು ಅಂತ. ನಮ್ಮ ಭಾಷಾದಾಗ ಅಂದೆ. ಅಂವ ಗಪ್ಪನ ಫೋನ್ ಇಟ್ಟ.”

ಅಂದರೆ ಕಳ್ಳನಿಗೆ ಕನ್ನಡ ಬರುತ್ತದೆ. ಮುರಾದ್ ಅದರ ಕೆಳಗೆ ಗೆರೆ ಎಳೆದ. ಇದನ್ನು ಮೊದಲೇ ಹೇಳಿದ್ದರೆ ಚಹಾ ಬಿಸಿಯಿರುವಾಗಲೇ ಕುಡಿಯಬಹುದಿತ್ತು.

ಕರೆ ಬಂದ ನಂಬರು ಯಾರ ಹೆಸರಿನಲ್ಲಿದೆ ಎಂದು ಕಾನ್ಸ್‌ಟೇಬಲ್ ಹಿಲಾಲ್ ಮಧ್ಯಾಹ್ನದೊಳಗೆ ಪತ್ತೆ ಮಾಡಿದ. ಕುಸುಮ, ಅಲ್ ಅಮೇರಾತ್‌ನ ಹಲ್ಲಿನ ಕ್ಲಿನಿಕ್ಕೊಂದರಲ್ಲಿ ರಿಸೆಪ್ಶನಿಸ್ಟ್, ಊರು ಮೂಡುಬಿದಿರೆ. ನಿಯಮದ ಪ್ರಕಾರ ಅವಳ ಹೆಸರಿಗೆ ಪ್ರಯಾಣದ ತಡೆ ಬಿತ್ತು. ಕೇಸು ಇತ್ಯರ್ಥವಾಗುವವರೆಗೆ ದೇಶ ಬಿಡುವಂತಿಲ್ಲ.

ಸೋಮವಾರ ಠಾಣೆಗೆ ಬಂದ ಕುಸುಮಳ ಕೈಯಲ್ಲಿ ವಿಮಾನದ ಟಿಕೆಟ್ಟಿನ ಪ್ರಿಂಟ್ ಇತ್ತು. ಗುರುವಾರ ಬೆಳಿಗ್ಗೆ ಮಂಗಳೂರಿಗೆ. ಶುಕ್ರವಾರ ಮಗಳು ಅಕ್ಷಿತಾಳ ಸೀಮಂತ. ಮಗಳ ಮದುವೆಗೇ ರಜೆ ಸಿಗದೆ ಮೊಬೈಲಿನಲ್ಲಿ ಧಾರೆ ನೋಡಿದವಳು ಅವಳು. ಇದಕ್ಕೂ ತಪ್ಪಿದರೆ ಮಗಳು ಮುಖ ಕೊಟ್ಟು ಮಾತಾಡಲಿಕ್ಕಿಲ್ಲ ಎಂದು ಹೇಳಿ ಅತ್ತಳು. ಗಂಡ ಗುರುವ ಪಕ್ಕದಲ್ಲಿ ಕೂತು, ನಾನು ಆಗಲೇ ಹೇಳಿದ್ದೆ, ನಾನು ಆಗಲೇ ಹೇಳಿದ್ದೆ ಎನ್ನುತ್ತಿದ್ದ. ಏನು ಹೇಳಿದ್ದ ಎಂದು ಮುರಾದ್ ಕೇಳಿದರೆ ಅವನಿಗೇ ಗೊತ್ತಿರಲಿಲ್ಲ.

“ಈ ನಂಬರು ನಿಮ್ಮದಾ?”

“ಅಲ್ಲ ಸರ್.”

“ಕಾರ್ಡ್ ಕಚೇರಿಯ ಮೇಲ್ ಬಂದಿತ್ತಾ?”

“ಬಂದಿತ್ತು. ಕಾರ್ಡ್ ನಂಬರು ತುಂಬಿಸಿದೆ. ಸರಕಾರದ್ದಲ್ವಾ, ಬಿಡ್ಲಿಕ್ಕೆ ಆಗ್ತದಾ?”

“ಫೋನಿಗೆ ಬಂದ ಕೋಡ್ ಯಾರಿಗೆ ಕೊಟ್ಟಿರಿ?”

“ಯಾರಿಗೂ ಕೊಟ್ಟಿಲ್ಲ.”

ಮುರಾದ್ ಅದನ್ನೇ ನಾಲ್ಕು ರೀತಿಯಲ್ಲಿ ಕೇಳಿದ. ಉಮರಬ್ಬ ಒಮ್ಮೆ ಕನ್ನಡದಲ್ಲಿ, ಒಮ್ಮೆ ತುಳುವಿನಲ್ಲಿ ಕೇಳಿದ. ಹಿಲಾಲ್ ಕೂಡ ತನಗೆ ಬರುವ ಹರಕುಮುರುಕು ಹಿಂದಿಯಲ್ಲಿ ಕೇಳಿ ನೋಡಿದ. ಕೊಟ್ಟಿಲ್ಲವೆಂದರೆ ಕೊಟ್ಟಿಲ್ಲ.

ಮಂಗಳವಾರ ಹೀಗೆ ಬೇರೆಯವರ ಹೆಸರಿನಲ್ಲಿ ತೆಗೆದ ಇನ್ನೆರಡು ಸಿಮ್‌ಗಳು ಪತ್ತೆಯಾದವು. ಒಂದು ಸ್ವತಃ ಗುರುವನ ಹೆಸರಿನಲ್ಲಿ, ಇನ್ನೊಂದು ಅದೇ ಬೀದಿಯ ನರ್ಸ್ ಪ್ರಣೀತಾಳ ಹೆಸರಿನಲ್ಲಿ. ಇಬ್ಬರಿಗೂ ಅದೇ ಮೇಲ್ ಬಂದಿತ್ತು, ಇಬ್ಬರೂ ತುಂಬಿಸಿದ್ದರು. ಕೋಡ್ ಯಾರಿಗೆ ಕೊಟ್ಟಿರಿ ಎಂದರೆ ಇಬ್ಬರದೂ ಒಂದೇ ರಾಗ. ಕೋಡ್ ಯಾರಿಗೂ ಕೊಡಬಾರದೆಂದು ಕನ್ನಡ ಸಂಘದ ಕಾರ್ಯಕ್ರಮದಲ್ಲಿ ಹೇಳಿಕೊಟ್ಟಿದ್ದಾರೆ, ನಮಗೆ ಅಷ್ಟು ತಿಳಿಯುವುದಿಲ್ಲವಾ ಸರ್ ಎಂದು ಗುರುವ ಮುರಾದನಿಗೇ ಪಾಠ ಮಾಡಿದ. ಕಾರ್ಡ್ ನಂಬರು, ಕೋಡ್ ಎರಡೂ ಇಲ್ಲದೆ ಹೊಸ ಸಿಮ್ ಕೊಡುವುದಿಲ್ಲ. ಕೋಡ್ ಯಾರಿಗೂ ಹೋಗಿಲ್ಲ. ಸಿಮ್ ಮಾತ್ರ ಹೊರಬಂದಿದೆ. ಮುರಾದ್ ಹಣೆ ಹಣೆ ಬಡಿದುಕೊಂಡ. ನಿಮ್ಮ ಜನರಿಗೆ ಏನು ಹೇಳಬೇಕು ಎಂದು ಉಮರಬ್ಬನ ಮೇಲೆ ರೇಗಿದ. ನನಗೆ ಗೊತ್ತಿದ್ದರೆ ನನ್ನ ಹೆಂಡತಿಗೆ ಹೇಳುತ್ತಿರಲಿಲ್ಲವಾ ಎಂದು ಉಮರಬ್ಬ ಅಂದ.

ಬುಧವಾರ ಬೆಳಿಗ್ಗೆ ಹತ್ತಕ್ಕೆ ಮುರಾದ್ ಪ್ರಶ್ನೆ ಕೇಳುವುದನ್ನೇ ಬಿಟ್ಟ. ಕುಸುಮಳನ್ನು ಮೇಜಿನೆದುರು ಕೂರಿಸಿ, ಆ ದಿನ ಮಾಡಿದ್ದನ್ನೆಲ್ಲ ಈಗ ನನ್ನೆದುರು ಮತ್ತೆ ಮಾಡಿ ಎಂದ. ಅವಳು ಮೇಲ್ ತೆರೆದು ತೋರಿಸಿದಳು. ಲಿಂಕ್ ಆಗಲೇ ಸತ್ತಿತ್ತು. ಅದರ ಬದಲಿಗೆ ಹಿಲಾಲ್ ಒಂದು ಹಾಳೆ ಕೊಟ್ಟ, ಕುಸುಮ ಅದರಲ್ಲಿ ಕಾರ್ಡ್ ನಂಬರು ಬರೆದಳು. ಆಗ ಹಿಲಾಲ್ ಪಕ್ಕದ ಕೋಣೆಗೆ ಹೋಗಿ, ಆರು ಅಂಕಿಯ ಒಂದು ಸುಳ್ಳು ಕೋಡ್ ಅವಳ ಫೋನಿಗೆ ಕಳಿಸಿದ.

ಫೋನ್ ಟಿಣ್ ಎಂದಿತು. ಕುಸುಮ ಸಂದೇಶದ ಮೇಲೆ ಬೆರಳು ಒತ್ತಿ ಹಿಡಿದಳು, ಇನ್ನೊಂದು ಕಡೆ ಒತ್ತಿದಳು, ಫೋನ್ ಕೆಳಗಿಟ್ಟಳು. ಅರ್ಧ ನಿಮಿಷವೂ ಹಿಡಿಯಲಿಲ್ಲ.

“ಈಗ ಯಾರಿಗೆ ಕಳಿಸಿದಿರಿ?” ಮುರಾದ್ ಕೇಳಿದ.

“ಯಾರಿಗೂ ಇಲ್ಲ ಸರ್. ಶ್ರವಣನಿಗೆ.”

ಉಮರಬ್ಬ ಅದನ್ನು ಹಿಂದಿಗೆ ತಿರುಗಿಸಲಿಲ್ಲ. ಅಗತ್ಯವೂ ಇರಲಿಲ್ಲ. ಅಷ್ಟರಲ್ಲಿ ಫೋನ್ ಮತ್ತೆ ಸದ್ದು ಮಾಡಿತು. ‘ಆಯ್ತು ಅಕ್ಕ, ನಾನು ನೋಡ್ತೇನೆ’ ಎಂದು ಶ್ರವಣನ ಉತ್ತರ ಬಂದಿತ್ತು.

ಕುಸುಮ ಸುಳ್ಳು ಹೇಳಿರಲಿಲ್ಲ ಎಂಬುದೇ ಇದರಲ್ಲಿ ಎಲ್ಲಕ್ಕಿಂತ ತಲೆಬಿಸಿಯ ಸಂಗತಿ. ಶ್ರವಣ್ ಕಾರ್ಕಳದ ಹುಡುಗ, ಕಂಪ್ಯೂಟರ್ ಕಲಿತವನು, ಸಂಘದಲ್ಲಿ ಕೋಡ್ ಯಾರಿಗೂ ಕೊಡಬಾರದೆಂದು ಪಾಠ ಮಾಡಿದವನೂ ಅವನೇ. ಅನುಮಾನ ಬಂದರೆ ಗೊತ್ತಿರುವವರನ್ನು ಕೇಳಿ ಎಂದೂ ಹೇಳಿದ್ದ. ಎಲ್ಲರೂ ಅವನನ್ನೇ ಕೇಳಿದರು. ಮೇಲ್ ನಿಜವಾ ಎಂದರೆ ನಿಜ, ಬೇಗ ಮುಗಿಸಿ, ಕೋಡ್ ಬಂದರೆ ನನಗೆ ಕಳಿಸಿ ಎಂದಿದ್ದ. ಅವರ ಲೆಕ್ಕದಲ್ಲಿ ‘ಯಾರಿಗೂ’ ಎಂದರೆ ಹೊರಗಿನವರಿಗೆ. ಶ್ರವಣ್ ಮನೆಯ ಹುಡುಗ. ಕಂಕುಳಲ್ಲಿ ಕೂಸನ್ನಿಟ್ಟುಕೊಂಡು ಊರೆಲ್ಲ ಹುಡುಕಿದಂತಾಗಿತ್ತು.

ಕುಸುಮ ಕೊಟ್ಟ ಗುರುತು ಹಿಡಿದು ಹುಡುಕಿದಾಗ, ಬುಧವಾರ ಮಧ್ಯಾಹ್ನ ಒಂದೂವರೆಗೆ ರೂವಿ ಬಸ್ ನಿಲ್ದಾಣದ ಬೆಂಚಿನ ಮೇಲೆ ಶ್ರವಣ್ ಸಿಕ್ಕಿದ. ಇಸ್ತ್ರಿ ಮಾಡಿದ ಶರಟು, ಕುತ್ತಿಗೆಗೆ ಯಾವುದೋ ಕಂಪನಿಯ ಹಳೆಯ ಗುರುತಿನ ಚೀಟಿ. ಓಡಲಿಲ್ಲ. ಜೇಬಿನಲ್ಲಿದ್ದ ಫೋನಿನಲ್ಲಿ ಕುಸುಮಳ ಹೆಸರಿನ ಸಿಮ್ ಇತ್ತು. ಇಬ್ಬರು ಅಂಗಡಿಯವರ ಸಹಿ ಹಾಕಿಸಿ ಹಿಲಾಲ್ ಪಂಚನಾಮೆ ಮುಗಿಸಿದ.

ಠಾಣೆಯಲ್ಲಿ ಅವನು ಎಲ್ಲ ಒಪ್ಪಿಕೊಂಡ. ಕಂಪನಿ ಮುಚ್ಚಿಹೋಗಿತ್ತು. ಬಾಕಿ ಸಂಬಳ ಕೇಳಿದ್ದಕ್ಕೆ ಕಫೀಲ್, ಅಂದರೆ ವೀಸಾ ಕೊಟ್ಟ ಮಾಲೀಕ, ಇವನು ಓಡಿಹೋಗಿದ್ದಾನೆಂದು ದೂರು ಕೊಟ್ಟಿದ್ದ. ಕಾರ್ಡಿನ ಅವಧಿ ಮುಗಿಯಿತು, ಅದರ ಹಿಂದೆಯೇ ಅವನ ಹೆಸರಿನ ಸಿಮ್ ನಿಂತಿತು. ಫೋನ್ ಇಲ್ಲದೆ ಕೆಲಸ ಹುಡುಕುವುದು ಹೇಗೆ? ಮೊದಲ ಸಿಮ್ ತನಗೆ ತೆಗೆದ. ಉಳಿದೆರಡನ್ನು ತನ್ನಂತೆಯೇ ಕಾರ್ಡಿಲ್ಲದ ಕೋಣೆಯ ಜೊತೆಗಾರರಿಗೆ ಕೊಟ್ಟ, ಅವರು ಇವನಿಗೆ ಮಲಗಲು ಜಾಗ ಕೊಟ್ಟರು. ಬಸಯ್ಯನಿಗೆ ಫೋನ್ ಮಾಡಿದ್ದು ನಾಲ್ಕನೆಯದಕ್ಕೆ, ಅವನ ಇಮೇಲ್, ನಂಬರು ಸಂಘದ ಪಟ್ಟಿಯಲ್ಲಿ ಸಿಕ್ಕಿದ್ದವು.

“ಅವರು ಹೇಗೂ ನಿನಗೆ ಕೋಡ್ ಕೊಡುವವರೇ,” ಮುರಾದ್ ಕೇಳಿದ. “ಸುಮ್ಮನೆ ಕೇಳಬಹುದಿತ್ತು. ಈ ಸುಳ್ಳು ಮೇಲ್ ಯಾಕೆ?”

“ನಾನು ಕೇಳಿದ್ರೆ ಯಾಕೆ ಅಂತ ಕೇಳ್ತಾರೆ ಸರ್. ಆಗ ಕೆಲಸ ಹೋದದ್ದು ಹೇಳ್ಬೇಕಾಗ್ತದೆ. ಸರಕಾರದ ಮೇಲ್ ಬಂದ್ರೆ ಯಾಕೆ ಅಂತ ಯಾರೂ ಕೇಳುದಿಲ್ಲ.”

ಮುರಾದನ ಸಿಟ್ಟು ಇಳಿಯಲಿಲ್ಲ, ಆದರೆ ಅದನ್ನು ಯಾರ ಮೇಲೆ ತೀರಿಸಬೇಕೆಂದು ಅವನಿಗೆ ತಿಳಿಯಲಿಲ್ಲ. ಕಫೀಲ್‌ನ ದೂರಿನ ಪ್ರತಿ ತರಿಸಲು ಹಿಲಾಲ್‌ಗೆ ಹೇಳಿ, ಹೇಳಿಕೆಗೆ ಸಹಿ ಹಾಕಿಸಿಕೊಂಡ.

ಸಂಜೆ ಐದಕ್ಕೆ ಕುಸುಮಳ ಹೆಸರಿನ ತಡೆ ತೆರವಾಯಿತು. ಅವಳು ಹೊರಕೋಣೆಯಲ್ಲಿ ಕೂತು ನಾಳೆಯ ವಿಮಾನಕ್ಕೆ ಚೆಕ್ ಇನ್ ಮಾಡಲು ಹೊರಟಿದ್ದಳು. ಈವರೆಗೆ ಪ್ರತಿ ಸಲ ಅದನ್ನು ಮಾಡಿಕೊಡುತ್ತಿದ್ದವನು ಶ್ರವಣ್. ಅವನೀಗ ಎದುರಿನ ಬೆಂಚಿನಲ್ಲಿ ಬೇಡಿ ಹಾಕಿಸಿಕೊಂಡು ಗಾಡಿಗೆ ಕಾಯುತ್ತಿದ್ದ. ಫೋನಿಗೆ ಕೋಡ್ ಬಂತು. ಕೊಡಿ, ನಾನು ನೋಡ್ತೇನೆ ಎಂದು ಉಮರಬ್ಬ ಕೈ ಚಾಚಿದ. ಕುಸುಮ ಫೋನನ್ನು ಎದೆಗೊತ್ತಿಕೊಂಡು ಬೇಡ ಎಂದಳು. ಒಂದೊಂದೇ ಅಂಕಿ ಒತ್ತಿದಳು. ಮುಂದಿನ ಪರದೆಯಲ್ಲಿ ಸಿಕ್ಕಿಬಿದ್ದಳು.

ಶ್ರವಣ್ ಬೆಂಚಿನಿಂದಲೇ ಬಗ್ಗಿ ಪರದೆ ನೋಡಿದ.

“ಅಕ್ಕ, ಸೀಟಿಗೆ ದುಡ್ಡು ಕೇಳ್ತದೆ, ಅದು ಬೇಡ. ಕೆಳಗೆ ಸ್ಕಿಪ್ ಅಂತ ಉಂಟು, ಅದನ್ನು ಒತ್ತಿ.”

ಕುಸುಮ ತಲೆಯೆತ್ತಲಿಲ್ಲ. ಕನ್ನಡಕ ಸರಿಮಾಡಿಕೊಂಡು ಪರದೆಯ ಪ್ರತಿ ಅಕ್ಷರವನ್ನೂ ತಾನೇ ಓದಿದಳು. ಕೆಳಗೆ ಹಾಗೇ ಬರೆದಿತ್ತು. ಒತ್ತಿದಳು. ಬೋರ್ಡಿಂಗ್ ಪಾಸ್ ಬಂತು.

ಆಮೇಲೆ ಅವನ ಮುಖ ನೋಡಿ, ನಿನಗೆ ಕೆಲಸ ಹೋಗಿ ಎಷ್ಟು ಸಮಯ ಆಯ್ತು ಎಂದು ಕೇಳಿದಳು.

“ರಂಜಾನಿಗೆ ಮೊದಲೇ ಅಕ್ಕ.”

ಅಷ್ಟು ತಿಂಗಳು ಪ್ರತಿ ಶುಕ್ರವಾರ ಅವನು ಅವಳ ಮನೆಯಲ್ಲೇ ಊಟ ಮಾಡಿದ್ದ. ನನಗಾದರೂ ಹೇಳಬಾರದಿತ್ತಾ ಎಂದು ಕುಸುಮ ಕೇಳಿದಳು. ಅಷ್ಟರಲ್ಲಿ ಗಾಡಿ ಬಂತೆಂದು ಹಿಲಾಲ್ ಬಾಗಿಲಿನಿಂದ ಕರೆದ.